ಎರ್ರಮ್ಮನ ಹಂಡೆ ಬಿಟ್‌ಕಾಯಿನ್ ಸೇರಿದ್ದು

ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗುರುಬಸವರಾಜನದು ಪಾತ್ರೆ ಅಂಗಡಿ. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕುಳಿತು ಎದ್ದ. ಆಮೇಲೆ ಅಪ್ಪನ ಗಲ್ಲೆಗೆ ಬಂದು ಕುಳಿತವನು ಮತ್ತೆ ಏಳಲಿಲ್ಲ. ಕೊಟ್ಟೂರು, ಹಡಗಲಿ ಕಡೆಯ ಮದುವೆ ಮನೆಯವರೂ ಅವನಲ್ಲಿಗೇ ಬರುತ್ತಾರೆ. ಅವರು ಬರುವುದು ಪಾತ್ರೆಗಿಂತ ಅದರ ಮೇಲಿನ ಅಕ್ಷರಕ್ಕೆ. ಮುಯ್ಯಿ ಮಾಡುವವರು ಒಂದು ಲೋಟ ಕೊಟ್ಟರೂ ಅದರ ಮೇಲೆ ಕೊಟ್ಟವರ ಹೆಸರು ಇರಬೇಕು. ಹೆಸರು ಕೊರೆಯಲು ಅಕ್ಷರಕ್ಕೆ ಇಷ್ಟು ಅಂತ ದರ. ಹಾಗಾಗಿ ಗುರುಬಸವರಾಜ ಯಾರನ್ನೂ ಬರೀ ಹೆಸರಿಗೆ ಬಿಡುವುದಿಲ್ಲ.

“ಊರು ಹಾಕಸ್ರಿ, ಮನಿತನ ಹಾಕಸ್ರಿ, ಮಾಜಿ ಸದಸ್ಯರು ಅಂತನೂ ಹಾಕಸ್ರಿ. ನಾಳಿ ಮರತು ಬಿಡ್ತಾರ ಮಂದಿ” ಎನ್ನುತ್ತಾನೆ.

ಅವನು ಕೊರೆದ ತಟ್ಟೆಯಲ್ಲಿ ಅನ್ನ ಖಾಲಿಯಾಗುವ ಹೊತ್ತಿಗೆ ಉಂಡವನು ಒಂದು ಮನೆತನದ ಚರಿತ್ರೆ ಓದಿ ಮುಗಿಸಿರುತ್ತಾನೆ.

ಇಂಥವನು ಬಿಟ್‌ಕಾಯಿನ್ನಿಗೆ ಬಿದ್ದ. ಕೊಂಡದ್ದು ಚೂರು, ಮಾತಾಡಿದ್ದು ಬಹಳ. ಗಲ್ಲೆಯ ಪಕ್ಕದಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟು ಅದರೊಳಗೆ ಆ ದುಡ್ಡಿನ ಪೂರಾ ಲೆಕ್ಕ ಇಳಿಸಿಕೊಂಡ. ಲೋಕದ ಯಾವ ಮೂಲೆಯಿಂದ ಯಾರು ಯಾರಿಗೆ ಕಳಿಸಿದರೂ ಆ ಲೆಕ್ಕ ಸಾವಿರಾರು ಮಷೀನುಗಳಲ್ಲಿ ಒಂದೇ ಥರ ಕೂರುತ್ತದೆ. ಒಮ್ಮೆ ಕೂತರೆ ಅಳಿಸಲು ಬರುವುದಿಲ್ಲ. ಈ ಮಾತನ್ನು ಅವನು ಚೊಂಬು ಕೊಳ್ಳಲು ಬಂದವರಿಗೂ ಹೇಳುತ್ತಿದ್ದ.

ಹೋದ ವರ್ಷ ಆ ಲೋಕದಲ್ಲಿ ಜಗಳ ಎದ್ದಿತು. ಲೆಕ್ಕದ ಜತೆಗೆ ಬೇರೆ ಬರಹ ಸೇರಿಸಲೂ ಅಲ್ಲಿ ಜಾಗವಿದೆ. ಜನ ಅದರಲ್ಲಿ ಚಿತ್ರ, ಪದ್ಯ, ಬೈಗುಳ ಎಲ್ಲಾ ತುಂಬುತ್ತಿದ್ದರು. ಫೀ ಕಟ್ಟಿದವನು ಏನಾದರೂ ಬರೆದುಕೊಳ್ಳಲಿ ಎಂದಿತು ಒಂದು ಪಂಗಡ. ಇದು ಹಣದ ಲೆಕ್ಕ, ಕಸ ಸೋಸಿ ಎಸೆಯಬೇಕು ಎಂದಿತು ಇನ್ನೊಂದು. ಗುರುಬಸವರಾಜ ಸೋಸುವವರ ಕಡೆ ನಿಂತ.

“ಕೊಡ ಇರೋದು ನೀರು ತುಂಬಾಕ, ಓದಾಕಲ್ಲ” ಎಂದ, ಎದುರಿನ ಚಹಾದಂಗಡಿಯಲ್ಲಿ.

ಚಹಾ ಸೋಸುತ್ತಿದ್ದ ಬೊಮ್ಮಪ್ಪ ತಲೆ ಎತ್ತಿದ. “ಮತ್ತ ನೀವು ಕೊಡದ ಮ್ಯಾಲೆ ಊರಿಗೂರನ್ನ ಕೊರೀತೀರಲ್ರಿ ಸಾವ್ಕಾರ?”

“ಅದು ಯಾಪಾರ ಲೇ ಬೊಮ್ಮಪ್ಪ. ಇದು ಧರ್ಮ.”

“ಹಂಗನ್ರಿ. ಧರ್ಮಕ್ಕ ಇನ್ನೊಂದು ಅರ್ಧ ಚಾ ಕೊಡ್ಲ್ಯಾ?”

ಗುರುಬಸವರಾಜನ ಹೆಂಡತಿ ಸುಮಲತಾಳ ತಮ್ಮ ಪ್ರವೀಣಕುಮಾರ್ ಎದುರು ಪಂಗಡದವನು. ಹರಪನಹಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ತನ್ನ ಬೈಕಿನ ಫೋಟೋವನ್ನು ಫೀ ಕಟ್ಟಿ ಆ ಲೆಕ್ಕದೊಳಗೆ ಸೇರಿಸಿದ್ದ. ಬೈಕು ಆಮೇಲೆ ಕೆಟ್ಟು ಗುಜರಿಗೆ ಹೋಯಿತು, ಫೋಟೋ ಮಾತ್ರ ಉಳಿದಿದೆ.

“ಬಸ್ಸಿಗೆ ಟಿಕೆಟ್ ತಗಂಡ ಮ್ಯಾಲೆ ನನ್ನ ಚೀಲದಾಗೆ ಏನೈತಿ ಅಂತ ನೀವ್ಯಾರು ಕೇಳಾಕೆ, ಮಾಮ?” ಅನ್ನುತ್ತಿದ್ದ.

“ಬಸ್ಸಿನ ತುಂಬ ನಿನ್ನ ಶೇಂಗಾ ಚೀಲನೇ ಹೇರಿದರ ಮಂದಿ ಎಲ್ಲಿ ಕುಂದರಬೇಕಲೇ?” ಅನ್ನುತ್ತಿದ್ದ ಗುರುಬಸವರಾಜ.

ಈ ವಾದ ಹೀಗೇ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಹಂಡೆಯ ವಿಷಯ ಹೊರಬಿತ್ತು.

ಸುಮಲತಾಳ ತಾಯಿ ಎರ್ರಮ್ಮ ಕೋಗಳಿಯವಳು. ಮಗಳ ಮದುವೆಗೆ ದೊಡ್ಡ ತಾಮ್ರದ ಹಂಡೆ ಕೊಟ್ಟಿದ್ದಳು. ಮೇಲೆ ‘ಎರ್ರಮ್ಮ, ಕೋಗಳಿ’ ಎಂದು ಉಳಿಯಲ್ಲಿ ಬಡಿಸಿದ್ದಳು. ಗೀಸರ್ ಬಂದ ಮೇಲೆ ಹಂಡೆ ಅಟ್ಟ ಸೇರಿತು. ಮೊನ್ನೆ ಹಡಗಲಿಯ ನೆಂಟರ ಮದುವೆಗೆ ಹೋದ ಎರ್ರಮ್ಮ, ಮುಯ್ಯಿಗೆ ಬಂದ ಪಾತ್ರೆಗಳ ನಡುವೆ ಒಂದು ಹಂಡೆ ಕಂಡು ನಿಂತಳು. ಅದರ ಮೇಲೆ ಇನ್ಯಾರದೋ ಹೆಸರಿತ್ತು. ಎರ್ರಮ್ಮ ಹಂಡೆಯೊಳಗೆ ಕೈ ಹಾಕಿ ತಡವಿದಳು. ಹೊರಗೆ ಎಷ್ಟು ತಿಕ್ಕಿದರೂ ಉಳಿ ಬಡಿದ ಅಕ್ಷರ ಒಳಗೆ ಉಬ್ಬಿ ಗುಬ್ಬಿಯಂತೆ ಎದ್ದಿರುತ್ತದೆ. ಓದು ಬಾರದಿದ್ದರೂ, ಬಡಿಸುವಾಗ ಸವರಿ ನೋಡಿದ್ದ ತನ್ನ ಹೆಸರು ಅವಳ ಬೆರಳಿಗೆ ಸಿಕ್ಕಿತು. ಮುಯ್ಯಿ ಕೊಟ್ಟವರನ್ನು ಎಲ್ಲಿ ಕೊಂಡಿರಿ ಎಂದು ಕೇಳಿದಳು. ಕೂಡ್ಲಿಗಿ ಗುರುಬಸವರಾಜರ ಅಂಗಡಿಯಲ್ಲಿ ಎಂದರು.

ಗುರುಬಸವರಾಜ ಒಪ್ಪಲಿಲ್ಲ. “ಕೋಗಳ್ಯಾಗ ಎರ್ರಮ್ಮ ಅಂತ ಏಸು ಮಂದಿ ಅದಾರ! ಯಾರ ಹಂಡಿನೋ ಏನೋ” ಎಂದ. ಪಾತ್ರೆ ಅಂಗಡಿಯವನು ಬೀಗರ ಹೆಸರು ತಿಕ್ಕಿ ಮಾರಿದ ಎಂದಾದರೆ ಮುಯ್ಯಿಗೆ ಅವನಲ್ಲಿ ಯಾರು ಪಾತ್ರೆ ಕೊಳ್ಳುತ್ತಾರೆ? ಅವನಿಗೆ ಅಂಗಡಿಯ ಹೆಸರು ಉಳಿಯಬೇಕಿತ್ತು. ಎರ್ರಮ್ಮನಿಗೆ ಅವಳ ಹೆಸರು ಬೇಕಿತ್ತು.

“ಒಪ್ಪೋತನಕ ನಿನ್ನ ಮನಿ ಹೊಸ್ತಿಲಾ ತುಳಿಯಾಂಗಿಲ್ಲ” ಎಂದು ಅವಳು ಮಗಳಿಗೆ ಹೇಳಿ ಕಳಿಸಿದಳು. ಸುಮಲತಾ ಗಂಡನಿಗೆ ಊಟಕ್ಕೆ ಬಡಿಸುವಾಗಲೂ ಮಾತಾಡುವುದನ್ನು ಬಿಟ್ಟಳು.

ಎರ್ರಮ್ಮ ಮಗನನ್ನು ಕೇಳಿದಳು. “ಲೇ ಪ್ರವೀಣ, ತಿಕ್ಕಿದರ ಹೋಗದಂಗ ಬರಿಯೋ ಜಾಗ ಎಲ್ಲೆರ ಐತೇನು?”

“ಐತವ್ವ. ಮಾಮನೇ ದಿನಾ ಹೇಳ್ತಾನಲ್ಲ, ಅಳಸಾಕ ಬರಲ್ಲ ಅಂತ.”

ಎರ್ರಮ್ಮ ಹೇಳಿದಳು, ಅವನು ಟೈಪು ಮಾಡಿದ: ‘ಕೋಗಳಿ ಎರ್ರಮ್ಮ ಮಗಳ ಮದುವಿಗೆ ಕೊಟ್ಟ ತಾಮ್ರದ ಹಂಡಿ. ಹೆಸರು ತಿಕ್ಕಿ ಮಾರಿದಾತ ಅಳಿಯ ಗುರುಬಸವರಾಜ, ಪಾತ್ರಿ ಅಂಗಡಿ, ಕೂಡ್ಲಿಗಿ.’ ಕಳಿಸುವ ಮೊದಲು ಮಾಮನಿಗೆ ಫೋನ್ ಮಾಡಿ ಓದಿ ಹೇಳಿದ. ಎಷ್ಟಾದರೂ ಅಕ್ಕನ ಗಂಡ.

ಗುರುಬಸವರಾಜ ನಕ್ಕ. ಉದ್ದದ ಬರಹ ಬಂದರೆ ಬಾಗಿಲಲ್ಲೇ ತಡೆಯುವ ಸೋಸುವ ಸಾಫ್ಟ್‌ವೇರನ್ನು ಅವನು ಆಗಲೇ ಹಾಕಿಸಿದ್ದ. ಅಂದು ಅದನ್ನು ಇನ್ನಷ್ಟು ಬಿಗಿ ಮಾಡಿ ಪರದೆಯ ಮುಂದೆ ಕುಳಿತ.

“ನಿನ್ನ ತಮ್ಮನ ಕಸ ನನ್ನ ಮಷೀನಿನ್ಯಾಗ ಬರಂಗಿಲ್ಲ, ನೋಡ್ತಿರು” ಎಂದ ಹೆಂಡತಿಗೆ. ಅವಳು ಅಂಗಡಿಗೆ ಅಂಟಿದ ಮನೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಅವನ ಮಷೀನು ಆ ಬರಹವನ್ನು ಮುಟ್ಟಲಿಲ್ಲ, ನಿಜ. ಆದರೆ ಬರಹ ಬೇರೆ ಮಷೀನುಗಳನ್ನು ಹಿಡಿದು ಹೋಯಿತು. ಎಲ್ಲೋ ದೂರದ ದೇಶದಲ್ಲಿ ಲೆಕ್ಕದ ಹೊಸ ಕಂತೆ ಕಟ್ಟುವವನೊಬ್ಬ ಫೀ ನೋಡಿದ, ಹಂಡೆಯನ್ನು ನೋಡಲಿಲ್ಲ, ಕಂತೆಗೆ ಸೇರಿಸಿದ. ಕಂತೆ ಕಟ್ಟಿದ ಮೇಲೆ ಎಲ್ಲ ಮಷೀನುಗಳೂ ಅದನ್ನು ಇದ್ದ ಹಾಗೇ ಇಟ್ಟುಕೊಳ್ಳಬೇಕು. ಗುರುಬಸವರಾಜನ ಮಷೀನೂ ಇಟ್ಟುಕೊಂಡಿತು. ಅವನು ಹುಡುಕಿ ನೋಡಿದ. ಮುಂಬಾಗಿಲಲ್ಲಿ ತಡೆದದ್ದು ಹಿತ್ತಲಿಂದ ಬಂದು ಪಡಸಾಲೆಯಲ್ಲಿ ಕೂತಿತ್ತು. ಅವನ ಹೆಸರು, ಅಂಗಡಿ, ಊರು, ಒಂದಕ್ಷರ ಬಿಡದೆ.

ಸೋಸುವವರ ಗುಂಪಿಗೆ ಮೆಸೇಜು ಹಾಕಿದ: ಈ ಕಂತೆಯನ್ನು ಎಲ್ಲರೂ ಬಿಟ್ಟುಬಿಡೋಣ. ಗುಂಪಿನ ಹಿರಿಯನೊಬ್ಬ ಉತ್ತರಿಸಿದ: ಬಿಡಬಹುದು, ಆದರೆ ಆಮೇಲೆ ನಿಮ್ಮ ಮಷೀನು ಲೋಕದ ಲೆಕ್ಕದಿಂದ ಆಚೆ ಬೀಳುತ್ತದೆ, ಒಬ್ಬರೇ ಕೂತಿರುತ್ತೀರಿ. ಅಂದ ಹಾಗೆ ಇದು ಯಾವ ಭಾಷೆ, ಏನು ಬರೆದಿದೆ?

‘ಪಾತ್ರೆಯ ಜಾಹೀರಾತು’ ಎಂದು ಬರೆದ ಗುರುಬಸವರಾಜ. ಗುಂಪಿನವರು ಛೀಮಾರಿ ಹಾಕಿದರು. ಇಂಥ ಅಂಗಡಿಯವರಿಂದಲೇ ಲೆಕ್ಕ ಕೊಳೆಯುತ್ತಿದೆ ಎಂದರು. ಆ ಮೆಸೇಜಿಗೆ ಅವನೂ ಹೆಬ್ಬೆರಳು ಎತ್ತಿದ.

ಮರುದಿನ ಬೆಳಿಗ್ಗೆ ಹಗರಿಬೊಮ್ಮನಹಳ್ಳಿ ಬಸ್ಸು ಇಳಿದು ಎರ್ರಮ್ಮ ನೆಟ್ಟಗೆ ಅಂಗಡಿಗೇ ಬಂದಳು. ಸುಮಲತಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಬೊಮ್ಮಪ್ಪ ಕೇಳದಿದ್ದರೂ ಚಹಾ ತಂದ.

“ಎಲ್ಲೈತ್ರಿ ಅಳಿಯದೇವ್ರ, ನನ್ನ ಹಂಡಿ?”

ಗುರುಬಸವರಾಜ ಪರದೆ ತೋರಿಸಿದ.

“ನಂಗ ಓದಾಕ ಬರಂಗಿಲ್ಲ. ನೀವೇ ಓದ್ರಿ.”

ಅವನು ಗೊಣಗುವಂತೆ ಓದಿದ.

“ಬೊಮ್ಮಪ್ಪಗ ಕೇಳಂಗ ಓದ್ರಿ.”

ಓದಿದ.

“ತಿಕ್ಕಿದರ ಹೊಕ್ಕೈತೇನು?”

“ಹೋಗಂಗಿಲ್ಲ.”

“ಮಷೀನು ಒಡದ್ರ?”

“ಉಳಿದೋವ್ರ ಮಷೀನಿನ್ಯಾಗ ಇರ್ತೈತ್ರಿ.”

ಎರ್ರಮ್ಮ ಚಹಾ ಕುಡಿದು ಲೋಟ ಕೆಳಗಿಟ್ಟಳು. “ಸುಳ್ಳು ಏನರ ಬರದೈತೇನು ಅದರಾಗ?”

ಗುರುಬಸವರಾಜ ಹೆಂಡತಿಯ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

“ಇಲ್ರಿ” ಎಂದ.

“ಹಂಗಾರ ಇನ್ನೊಂದು ಹಂಡಿ ಇಳಸ್ರಿ. ದೊಡ್ಡದು.”

ಇಳಿಸಿದ. ಗೋಡೆಗೆ ನೇತು ಹಾಕಿದ್ದ ಅವನ ಅಪ್ಪನ ಉಳಿ, ಸುತ್ತಿಗೆ ತರಿಸಿದಳು ಎರ್ರಮ್ಮ. ಹೆಸರು ಕೊರೆಯುವ ಮಷೀನು ಬೇಡವೆಂದಳು, ಅದು ಬರೀ ಗೀರುತ್ತದಂತೆ. ಅವನು ನೆಲಕ್ಕೆ ಕುಳಿತು ಹಂಡೆಯನ್ನು ಕಾಲ ನಡುವೆ ಹಿಡಿದ.

“ಏನಂತ ಬರೀಲಿ? ಎರ್ರಮ್ಮ, ಕೋಗಳಿ. ಇಷ್ಟು ಸಾಕಲ್ರಿ?”

“ಯಾಕ ಸಾಕು? ಊರಿಗೆಲ್ಲ ಹೇಳ್ತೀರಿ, ಮನಿತನ ಹಾಕಸ್ರಿ ಅಂತ. ನಮ್ಮತ್ತಿ ಹೆಸರು ಹಾಕ್ರಿ. ಅವರತ್ತಿದೂ ಹಾಕ್ರಿ. ನಾ ಹೇಳ್ತಾ ಹೊಕ್ಕೀನಿ.”

“ಇನ್ನೊಂದಿಷ್ಟು ಆಳ ಬಡೀರಿ” ಎಂದಳು ಸುಮಲತಾ. ಎಷ್ಟೋ ದಿನದ ಮೇಲೆ ಅವಳು ಗಂಡನಿಗೆ ಆಡಿದ ಮೊದಲ ಮಾತು ಅದು.

ಮಧ್ಯಾಹ್ನದವರೆಗೂ ಓಣಿಯಲ್ಲಿ ಟಣ್ ಟಣ್ ಕೇಳುತ್ತಿತ್ತು. ನಡುನಡುವೆ ಎರ್ರಮ್ಮ ಹಂಡೆಯೊಳಗೆ ಕೈ ಹಾಕಿ, ಅಕ್ಷರ ಗುಬ್ಬಿಯಾಗಿ ಎದ್ದಿದೆಯೋ ಇಲ್ಲವೋ ಎಂದು ಬೆರಳಾಡಿಸಿ ನೋಡುತ್ತಿದ್ದಳು.