ರಫಕ್ಕ ನೆಂಟರ ಕುರ್ಚಿಯಲ್ಲಿ ಕೂತ ಕ್ರಿಸ್‌ಮಸ್

ಎಲೆ ಉದುರುವ ಕಾಲ ಬಂತೆಂದರೆ ರಫಕ್ಕನಿಗೆ ತಲೆ ಎತ್ತಲು ಪುರಸೊತ್ತಿರುತ್ತಿರಲಿಲ್ಲ. ಬೇಸಿಗೆಯೆಲ್ಲ ಪೆಟ್ಟಿಗೆಯಲ್ಲಿ ಮಲಗಿದ್ದ ಉಣ್ಣೆ ಬಟ್ಟೆಗಳು ಆಗ ಹೊರಗೆ ಬರುತ್ತವೆ. ಜನ ಬೆಳಕಿಗೆ ಹಿಡಿದು ನೋಡುತ್ತಾರೆ, ಅಯ್ಯೋ ಹುಳ ತಿಂದಿದೆಯಲ್ಲ ಅನ್ನುತ್ತಾರೆ, ಲಾಂಡ್ರಿಗೆ ಓಡಿ ಬರುತ್ತಾರೆ. ಲಾಂಡ್ರಿಯ ಹಿಂಭಾಗದಲ್ಲಿ, ಇಸ್ತ್ರಿ ಮೇಜಿಗೂ ಕಿಟಕಿಗೂ ನಡುವೆ ಒಂದು ಸ್ಟೂಲು, ಕುತ್ತಿಗೆ ಬಗ್ಗಿಸುವ ಒಂದು ದೀಪ, ಸೂಜಿ ಚುಚ್ಚಿಟ್ಟ ಒಂದು ಸಣ್ಣ ದಿಂಬು. ಅದೇ ಅವಳ ಜಾಗ.

ರಫು ಅಂದರೆ ಹೊಲಿಗೆಯಲ್ಲ, ತೇಪೆಯೂ ಅಲ್ಲ. ತೂತು ಬಿದ್ದ ಕಡೆ ಉದ್ದಕ್ಕೆ ಒಂದು ನೂಲು, ಅಡ್ಡಕ್ಕೆ ಒಂದು ನೂಲು ಹಾಯಿಸಿ ಬಟ್ಟೆಯನ್ನೇ ಮತ್ತೆ ನೇಯುವುದು. ನೂಲನ್ನು ಹೊರಗಿನಿಂದ ತರುವ ಹಾಗಿಲ್ಲ. ಬಣ್ಣ ಎಷ್ಟೇ ಹೊಂದಲಿ, ನಾಲ್ಕು ಸಲ ತೊಳೆದ ಮೇಲೆ ಬೇರೆಯಾಗಿ ನಿಂತುಬಿಡುತ್ತದೆ. ಅದೇ ಬಟ್ಟೆಯ ಒಳಮಡಿಕೆಯಿಂದ, ಯಾರ ಕಣ್ಣಿಗೂ ಬೀಳದ ಕಡೆಯಿಂದ ಬಿಡಿಸಿ ತೆಗೆಯಬೇಕು. ಕೆಲಸ ನೆಟ್ಟಗಾಗಿದ್ದರೆ ತೂತು ಎಲ್ಲಿತ್ತು ಅಂತ ಬಟ್ಟೆಯ ಒಡೆಯನಿಗೂ ಗೊತ್ತಾಗಬಾರದು.

"ರಫಕ್ಕ, ನಿನ್ನ ಕೆಲಸಕ್ಕೆ ಯಾರೂ ಭೇಷ್ ಅನ್ನಲ್ಲ ನೋಡು" ಎಂದು ಇಸ್ತ್ರಿಯವನು ಕೀಟಲೆ ಮಾಡುತ್ತಿದ್ದ. "ಕಂಡ್ರೆ ತಾನೆ ಅನ್ನೋದು?"

"ನಿನ್ನ ಕೆಲಸ ಕಾಣುತ್ತಲ್ಲ ಬಿಡು, ಕಾಲರು ಸುಟ್ಟಾಗ" ಎಂದು ಅವಳು ತಲೆ ಎತ್ತದೆ ಹೇಳುತ್ತಿದ್ದಳು.

ಲಾಂಡ್ರಿಯಲ್ಲಿ ಎಲ್ಲರಿಗೂ ಅವಳು ರಫಕ್ಕ. ಮನೆಯಲ್ಲಿ ಚಿಕ್ಕಮ್ಮ. ಈ ಚಿಕ್ಕಮ್ಮ ಅನ್ನುವ ಮಾತಿನ ಸಂಗತಿಯೇ ಬೇರೆ, ಅದನ್ನು ಮೊದಲು ಹೇಳಬೇಕು.

ಅವಳ ಅಕ್ಕ ಕಾಯಿಲೆ ಬಿದ್ದಾಗ ನೋಡಿಕೊಳ್ಳಲೆಂದು ಅವಳು ಆ ಮನೆಗೆ ಬಂದವಳು. ಆಗ ಅಕ್ಕನ ಮಗಳು ಇನ್ನೂ ಹಾಲು ಹಲ್ಲಿನ ಹುಡುಗಿ. ಚಿಕ್ಕಮ್ಮಾ ಚಿಕ್ಕಮ್ಮಾ ಎಂದು ಸೆರಗು ಬಿಡುತ್ತಿರಲಿಲ್ಲ. ನೀನು ಬಾ, ನೀನೇ ತಿನ್ನಿಸು, ನೀನೇ ತಲೆ ಬಾಚು. ಅಕ್ಕ ಉಳಿಯಲಿಲ್ಲ. ಮರು ವರ್ಷ, ಮಗುವಿಗೆ ದಿಕ್ಕು ಬೇಕಲ್ಲ ಎಂದು ಹಿರಿಯರು ಅವಳನ್ನೇ ಭಾವನಿಗೆ ಮದುವೆ ಮಾಡಿಕೊಟ್ಟರು. ಹುಡುಗಿ ಮದುವೆಗೆ ಮುಂಚೆಯೂ ಚಿಕ್ಕಮ್ಮ ಅಂದಳು, ಆಮೇಲೂ ಚಿಕ್ಕಮ್ಮ ಅಂದಳು. ಮಾತು ಅದೇ. ಆದರೆ ಅಮ್ಮನ ತಂಗಿಗೂ ಅದೇ ಮಾತು, ಮಲತಾಯಿಗೂ ಅದೇ ಮಾತು. ಯಾವುದನ್ನು ಅನ್ನುತ್ತಿದ್ದಾಳೆಂದು ದನಿಯಲ್ಲಿ ತಿಳಿಯುತ್ತಿತ್ತು. "ಅಕ್ಕ ಹಾಸಿಗೆ ಹಿಡಿದಿದ್ದಾಗಲೇ ಇವಳಿಗೆ ಭಾವನ ಮೇಲೆ ಕಣ್ಣಿತ್ತಂತೆ" ಎಂದು ಮೆಟ್ಟಿಲ ಮೇಲೆ ಯಾರೋ ಆಡಿದ್ದು ಮಗುವಿನ ಕಿವಿಗೆ ಬಿದ್ದಿತ್ತು. ಅವತ್ತಿನಿಂದ ನೀನು ಹೋಗಿ ನೀವು ಬಂತು. ಹೊರಗಿನವರು ಎಷ್ಟು ಮರ್ಯಾದೆಯ ಹುಡುಗಿ ಅಂದರು. ಆ ಮರ್ಯಾದೆ ರಫಕ್ಕನ ಎದೆಗೆ ಮುಳ್ಳಾಗಿ ನಾಟಿಕೊಂಡಿತು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಕೆಟ್ಟವನಲ್ಲ. ಆದರೆ ಮನೆಯಲ್ಲಿ ಮಾತು ಬೆಳೆದಾಗ ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಇಳಿಯುವುದಿಲ್ಲ, ನಡುವೆ ನಿಂತುಬಿಡುತ್ತಾನೆ. ಅವಳಿಗೆ ಸ್ವಂತ ಮಕ್ಕಳಾಗಲಿಲ್ಲ. ಈ ಹುಡುಗಿಗೇ ಜ್ವರ ಬಂದಾಗ ಪಕ್ಕದಲ್ಲಿ ಕೂತಳು, ಶಾಲೆಗೆ ಕಳಿಸಿದಳು, ಲಂಗ ಇಳಿಸಿ ಹೊಲಿದುಕೊಟ್ಟಳು. ಅವಳಿಗೆ ಬೇಕಿದ್ದದ್ದು ಒಂದೇ. ಹುಡುಗಿ ಈ ಮನೆ ಬಿಟ್ಟು ಹೋಗುವ ಮೊದಲು ಒಂದು ಸಲ, ನಾಲ್ಕು ಜನರ ಎದುರು, ಅಮ್ಮ ಅನ್ನಬೇಕು.

ಹುಡುಗಿ ಹೋಗುವ ಕಾಲವೂ ಬಂತು. ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಕೆಲಸ, ಅಲ್ಲಿಯೇ ಕಣ್ಣು ಪರೀಕ್ಷೆ ಮಾಡುವ ಹುಡುಗನನ್ನು ಮೆಚ್ಚಿದಳು. ರಸ್ತೆಯ ಮರಗಳೆಲ್ಲ ಬೋಳಾಗಿ, ಪೌರಕಾರ್ಮಿಕರು ಒದ್ದೆ ಎಲೆಗಳನ್ನು ಗುಡ್ಡೆ ಹಾಕುತ್ತಿದ್ದ ಒಂದು ಸಂಜೆ ಅವಳು ಒಂದು ಕೋಟು ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಅಕ್ಕನ ಕೋಟು. ಕಡು ನೀಲಿ, ದಪ್ಪ ಉಣ್ಣೆಯದು.

"ಕ್ರಿಸ್‌ಮಸ್ ದಿನ ಅವರ ಮನೆಯವರು ಚರ್ಚಿಗೆ ಬರ್ತಾರೆ. ಅಲ್ಲಿಂದ ಊಟಕ್ಕೆ ನಮ್ಮನೆಗೆ. ನಾನು ಇದನ್ನ ಹಾಕ್ಕೋಬೇಕು ಅಂತಿದ್ದೆ. ನೋಡಿ ಏನಾಗಿದೆ."

ಹುಳ ಒಂದೇ ಕಡೆ ತಿಂದು ಬಿಟ್ಟಿರಲಿಲ್ಲ. ಎದೆಯ ಮೇಲೆ, ತೋಳಿನ ಮೇಲೆ, ಬೆನ್ನಿನ ಮೇಲೆ ಜರಡಿ ಮಾಡಿಟ್ಟಿತ್ತು.

"ಆಗುತ್ತಾ?" ಹುಡುಗಿ ಕೇಳಿದಳು. ಆಮೇಲೆ, ಬಹಳ ವರ್ಷದ ಮೇಲೆ ಮೊದಲ ಸಲ, "ನಿನ್ನ ಕೈಲಿ ಆಗದೇ ಇರೋದು ಏನಿದೆ ಚಿಕ್ಕಮ್ಮ" ಅಂದಳು.

ನಿನ್ನ ಅಂದಳಲ್ಲ! ರಫಕ್ಕ ಕೋಟನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡಳು. "ಇಲ್ಲೇ ಇರಲಿ" ಅಂದಳು ಅಷ್ಟೇ.

ಕ್ರಿಸ್‌ಮಸ್ ಹತ್ತಿರವಾದಂತೆ ಕಿಟಕಿ ಕಿಟಕಿಗೂ ಕಾಗದದ ನಕ್ಷತ್ರ ಬಂತು. ಲಾಂಡ್ರಿಯಲ್ಲಿ ಗಿರಾಕಿಗಳ ಕೆಲಸ ಮುಗಿದ ಮೇಲೆ ಅವಳು ನೀಲಿ ಕೋಟು ತೆಗೆಯುತ್ತಿದ್ದಳು. ಅಂಚಿನ ಮಡಿಕೆ ಬಿಚ್ಚಿ ನೂಲು ಎಳೆದಳು. ಅದು ಸಾಲದೆ ಜೇಬಿನ ಒಳಬದಿಯಿಂದ ಎಳೆದಳು. ಅಲ್ಲಿ ಬಿಸಿಲು ಕಾಣದ ಉಣ್ಣೆಯ ಬಣ್ಣ ಇನ್ನೂ ಹೊಸದರ ಹಾಗಿತ್ತು. ಅಂಥ ನೂಲನ್ನು ಕಿಟಕಿಯ ಬಿಸಿಲಿಗೆ ಇಟ್ಟು, ಹೊರಗಿನ ಬಣ್ಣಕ್ಕೆ ಇಳಿಯುವ ತನಕ ಕಾದು, ಆಮೇಲೆ ಸೂಜಿಗೆ ಏರಿಸಿದಳು.

"ಯಾರದು ಇದು, ರಾಣಿಯದ್ದಾ?" ಇಸ್ತ್ರಿಯವನು ಕೇಳಿದ.

"ನಮ್ಮ ಹುಡುಗೀದು. ಬೀಗರು ಬರ್ತಿದ್ದಾರೆ."

"ಹಾಗಾದ್ರೆ ಈ ಸಲ ನೀನು ಬೀಗಿತ್ತಿ! ಮೂಗು ಮೇಲಕ್ಕೆ ಮಾಡ್ಕೊಂಡು ಕೂತ್ಕೋಬೇಕು, ಈಗಲೇ ಅಭ್ಯಾಸ ಮಾಡು."

ಅವಳು ನಕ್ಕಳು. ಆ ಮಾತು ಅವಳಿಗೆ ಒಳಗೊಳಗೇ ಬಹಳ ಹಿಡಿಸಿತು.

ಮನೆಯಲ್ಲಿ ಗೋಡೆಗೆ ಸುಣ್ಣ ಹೊಡೆಸಿದಳು. ಪರದೆ ಒಗೆದಳು. ಮುಂದಿನ ಕೋಣೆಯಲ್ಲಿ ಕೈಯಿರುವ ಒಂದು ಕುರ್ಚಿಯಿತ್ತು. ಅದರಲ್ಲಿ ಮನೆಯವರು ಯಾರೂ ಕೂರುತ್ತಿರಲಿಲ್ಲ, ಅದು ನೆಂಟರಿಗೆ. ಅದರ ಗವಸನ್ನು ತಾನೇ ಹೊಸದಾಗಿ ಹೊಲಿದು ಹಾಕಿದಳು.

ಹಬ್ಬದ ದಿನ ಬೆಳಿಗ್ಗೆ ಅಪ್ಪ ಮಗಳು ಚರ್ಚಿಗೆ ಹೋದರು. "ಅಡುಗೆ ಬಿಟ್ಟು ನೀವೂ ಬಂದ್ರೆ ಹೇಗೆ? ನೀವು ಮನೇಲೇ ಇರಿ" ಎಂದು ಹುಡುಗಿ ಹೇಳಿದ್ದಳು. ನಿಜವೇ. ಒಲೆಯ ಮೇಲೆ ಮಾಂಸ ಬೇಯುತ್ತಿತ್ತು. ನೀಲಿ ಕೋಟು ಹಾಕಿಕೊಂಡು ಮೆಟ್ಟಿಲಿಳಿದ ಹುಡುಗಿಯನ್ನು ಅವಳು ಕಿಟಕಿಯಿಂದ ನೋಡಿದಳು. ಹಿಂದಿನಿಂದ ಥೇಟು ಅಕ್ಕನೇ.

ಬೀಗರು ಬಂದರು: ಹುಡುಗ, ಅವನ ತಾಯಿ. ತಂದೆ ತೀರಿಕೊಂಡು ಬಹಳ ಕಾಲವಾಗಿತ್ತು. ತಾಯಿ ದೊಡ್ಡ ದನಿಯ, ನಗುಮುಖದ ಹೆಂಗಸು. ಬಾಗಿಲಲ್ಲಿಯೇ ರಫಕ್ಕನ ಎರಡು ಕೈಯನ್ನೂ ಹಿಡಿದುಕೊಂಡಳು.

"ಇವರು?"

"ನಮ್ಮ ಚಿಕ್ಕಮ್ಮ" ಅಂದಳು ಹುಡುಗಿ.

"ಓಹೋ. ತಾಯಿ ಕಡೆಯವರೋ, ತಂದೆ ಕಡೆಯವರೋ?"

"ತಾಯಿ ಕಡೆ. ಅಮ್ಮನ ಸ್ವಂತ ತಂಗಿ."

"ಅದೇ ಅಂದ್ಕೊಂಡೆ, ಚರ್ಚಲ್ಲಿ ಅಮ್ಮನ ಫೋಟೋ ತೋರಿಸಿದ್ಳು. ಅದೇ ಹಣೆ!"

ಒಂದು ಅಕ್ಷರವೂ ಸುಳ್ಳಲ್ಲ. ರಫಕ್ಕನಿಗೆ ಏನೋ ಒಂದು ಎಳೆ ತಪ್ಪಿದ ಹಾಗಾಯಿತು. ಎಲ್ಲಿ ಅಂತ ಕೈಗೆ ಸಿಗಲಿಲ್ಲ. ಅಷ್ಟರಲ್ಲಿ ಒಲೆ ಕರೆಯಿತು.

ಊಟಕ್ಕೆ ಕೂತಾಗ ಸಿಕ್ಕಿತು. ಬೀಗಿತ್ತಿ ಬ್ರೆಡ್ಡು ಮುರಿಯುತ್ತಾ ಲಿಫ್ಟಿನವನ ಕಡೆ ತಿರುಗಿದಳು.

"ನಿಮ್ಮನ್ನ ಮೆಚ್ಚಬೇಕು ನೋಡಿ. ಹೆಂಡತಿ ಹೋದ ಮೇಲೆ ಇನ್ನೊಂದು ಮದುವೆ ಅನ್ನದೆ, ಹೆಣ್ಣು ಮಗೂನ ಒಬ್ಬರೇ ಇಷ್ಟು ಚೆನ್ನಾಗಿ ಬೆಳೆಸಿದ್ದೀರಿ. ಈಗಿನ ಕಾಲದಲ್ಲಿ ಯಾವ ಗಂಡಸು ಇರ್ತಾನೆ ಹೀಗೆ?"

ರಫಕ್ಕನ ಕೈಯಲ್ಲಿದ್ದ ಸಾರಿನ ಬಟ್ಟಲು ಹಾಗೆಯೇ ನಿಂತಿತು. ಅವಳು ಹುಡುಗಿಯನ್ನು ನೋಡಿದಳು. ಹುಡುಗಿ ತಟ್ಟೆ ನೋಡುತ್ತಿದ್ದಳು. ಗಂಡನನ್ನು ನೋಡಿದಳು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಉಪ್ಪಿನ ಡಬ್ಬಿಯನ್ನು ಅಲ್ಲಿಂದ ಎತ್ತಿ ಇಲ್ಲಿಟ್ಟ.

"ನೀವೂ ಅಷ್ಟೇ" ಎಂದು ಬೀಗಿತ್ತಿ ಇವಳ ಕಡೆ ತಿರುಗಿದಳು. "ಅಕ್ಕನ ಮಗಳಿಗೋಸ್ಕರ ಹಬ್ಬದ ದಿನ ಸ್ವಂತ ಮನೆ ಬಿಟ್ಟು ಬಂದು ಅಡುಗೆಗೆ ನಿಂತಿದ್ದೀರಿ. ನಿಮ್ಮ ಯಜಮಾನರು ಬರ್ಲಿಲ್ವಾ?"

ಯಜಮಾನರು ಎದುರಿಗೇ ಕೂತು ಉಪ್ಪಿನ ಡಬ್ಬಿ ನೋಡುತ್ತಿದ್ದರು.

ಒಂದು ಮಾತು ಸಾಕಿತ್ತು. ಇವರೇ ಅಂದಿದ್ದರೆ ಮುಗಿದಿತ್ತು. ಆದರೆ ಆ ಮಾತು ಬಾಯಿಗೆ ಬರುವಷ್ಟರಲ್ಲಿ ಹುಡುಗಿ ತಲೆ ಎತ್ತಿದಳು. ಜ್ವರ ಬಂದಾಗ ನೋಡುತ್ತಿದ್ದಳಲ್ಲ, ಅದೇ ನೋಟ. ರಫಕ್ಕ ಆ ಮಾತನ್ನು ನುಂಗಿಕೊಂಡಳು.

"ಇದ್ದಾರೆ" ಅಂದಳು. "ಬಂದ್ರೂ ಬರದೇ ಇದ್ರೂ ಒಂದೇ, ಅಂಥ ಮನುಷ್ಯ."

ಬೀಗಿತ್ತಿ ಮೇಜು ಬಡಿದು ನಕ್ಕಳು. "ಗಂಡಸರೆಲ್ಲ ಹಾಗೇ ಬಿಡಿ!"

ಲಿಫ್ಟಿನವನ ಕಿವಿ ಕೆಂಪಗಾಯಿತು. ಕೇಕು ಬಂತು, ಕಾಫಿ ಬಂತು. ಬೀಗಿತ್ತಿ ನೆಂಟರ ಕುರ್ಚಿಯಲ್ಲಿ ಕೂತು ಕಂಬಿಗೆ ನೇತುಹಾಕಿದ್ದ ನೀಲಿ ಕೋಟನ್ನು ಸವರಿ ನೋಡಿದಳು. "ತಾಯಿಯದಂತೆ? ಎಷ್ಟು ಜೋಪಾನವಾಗಿ ಇಟ್ಟಿದ್ದೀಯಮ್ಮ. ಇಷ್ಟು ವರ್ಷ ಆದ್ರೂ ಒಂದು ತೂತಿಲ್ಲ."

"ಹೂಂ" ಅಂದಳು ಹುಡುಗಿ. "ಹಾಗೇ ಇತ್ತು."

ಹೊರಡುವಾಗ ಬೀಗಿತ್ತಿಗೆ ಒಂದು ಒಳ್ಳೆಯ ಯೋಚನೆ ಬಂತು. "ಬನ್ನಿ, ಕಾರಿದೆ. ಹಬ್ಬದ ದಿನ ಬಸ್ಸಿಲ್ಲ ಏನಿಲ್ಲ, ಚಳಿ ಬೇರೆ. ನಿಮ್ಮನ್ನ ನಿಮ್ಮ ಮನೆ ಹತ್ರ ಬಿಟ್ಟು ಹೋಗ್ತೀವಿ."

ರಫಕ್ಕ ಗಂಡನ ಮುಖವನ್ನೇ ನೋಡಿದಳು. ಈಗಲಾದರೂ ಅಂತ ನೋಡಿದಳು. ಅವನು ಕೆಮ್ಮಿದ.

"ಆಗಲಿ, ನಡೀರಿ" ಅಂದಳು. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದಳು. ತನ್ನ ಹಳೆಯ ಕಂದು ಕೋಟು ತೊಟ್ಟಳು, ಕೈಚೀಲ ತೆಗೆದುಕೊಂಡಳು. ಬಾಗಿಲಲ್ಲಿ ತಿರುಗಿ, "ಬರ್ತೀನಿ ಭಾವ" ಅಂದಳು. ಮದುವೆಯಾದ ಮೇಲೆ ಅವನನ್ನು ಹಾಗೆ ಕರೆದದ್ದು ಅವತ್ತೇ.

ಎಲ್ಲಿಗೆ ಅಂತ ಕೇಳಿದರೆ ಅವಳ ಬಾಯಿಗೆ ಬಂದದ್ದು ಲಾಂಡ್ರಿಯ ಬೀದಿ. ಮುಚ್ಚಿದ ಲಾಂಡ್ರಿಯ ಮುಂದೆ ಕಾರು ನಿಂತಿತು. "ಇಲ್ಲೇ ಸಂದಿಯೊಳಗೆ ಮನೆ" ಅಂದಳು. ಬೀಗಿತ್ತಿ ಕೈ ಬೀಸಿದಳು, "ಮದುವೆಗೆ ನಿಮ್ಮ ಯಜಮಾನರನ್ನ ಎಳ್ಕೊಂಡೇ ಬರ್ಬೇಕು ಮತ್ತೆ!" ಕಾರು ಹೋಯಿತು. ಅವಳು ಸಂದಿಯೊಳಗೆ ಎರಡು ಹೆಜ್ಜೆ ಹೋಗಿ, ಕಸದ ಡಬ್ಬಿಗಳ ಪಕ್ಕ ನಿಂತು, ಕಾರು ತಿರುವು ದಾಟಿದ್ದು ಖಚಿತವಾದ ಮೇಲೆ ಹೊರಗೆ ಬಂದು ನಡೆಯತೊಡಗಿದಳು. ಎಲ್ಲ ಮನೆಯ ಒಳಗೂ ದೀಪ, ತಟ್ಟೆ ಸದ್ದು, ಮಕ್ಕಳ ಕೂಗು. ಬೀದಿಯಲ್ಲಿ ಅವಳೊಬ್ಬಳೇ.

ಮನೆಯ ಕೀಲಿ ಚೀಲದಲ್ಲಿತ್ತು. ತೆಗೆಯಲಿಲ್ಲ. ಗಂಟೆ ಒತ್ತಿದಳು.

ಗಂಡ ಬಾಗಿಲು ತೆರೆದ. "ಕೀಲಿ ಇರ್ಲಿಲ್ವಾ?"

ಅವಳು ಒಳಗೆ ಬಂದು, ಕೋಟು ಬಿಚ್ಚದೆ, ಚೀಲ ಮಡಿಲಲ್ಲಿಟ್ಟುಕೊಂಡು ನೆಂಟರ ಕುರ್ಚಿಯಲ್ಲಿ ಕೂತಳು. ಮೇಜಿನ ಮೇಲೆ ಎಂಜಲು ತಟ್ಟೆಗಳು ಬಿಟ್ಟ ಹಾಗೆಯೇ ಇದ್ದವು.

"ನಿನ್ನೆ ರಾತ್ರಿ ಹೇಳಿದ್ಲು ನಂಗೆ" ಅಂದ ಅವನು. "ಹಬ್ಬ ಒಂದು ಕಳೀಲಿ ಅಂತ ಸುಮ್ನಿದ್ದೆ."

"ಕಳೀತಲ್ಲ."

ಹುಡುಗಿ ಅಳುತ್ತಿದ್ದಳು. "ಮೊದಲನೇ ದಿನ ಅವರಮ್ಮ ಕೇಳಿದ್ರು, ನಿಮ್ಮಪ್ಪ ಮತ್ತೆ ಮದುವೆ ಆಗ್ಲಿಲ್ವಾ ಅಂತ. ಬಾಯಿ ತಪ್ಪಿ ಇಲ್ಲ ಅಂದ್ಬಿಟ್ಟೆ. ಆಮೇಲೆ ತಿದ್ದೋಕೆ ಆಗ್ಲಿಲ್ಲ. ಎಲ್ಲರೂ ಹೇಗೆ ಮಾತಾಡ್ತಾರೆ ಅಂತ ನಿಮಗೆ ಗೊತ್ತಲ್ಲ, ಚಿಕ್ಕಮ್ಮ."

"ಗೊತ್ತು" ಅಂದಳು ರಫಕ್ಕ. "ಒಂದು ಲೋಟ ನೀರು ಕೊಡ್ತೀಯಾ? ನಡ್ಕೊಂಡು ಬಂದೆ."

ಹುಡುಗಿ ನೀರು ತಂದುಕೊಟ್ಟಳು. ಅವಳು ಕುಡಿದು ಲೋಟವನ್ನು ಕೈಗೆ ಕೊಟ್ಟಳು, ನೆಂಟರು ಕೊಡುವ ಹಾಗೆ. ಎದ್ದು ಹೋಗಿ ಅಡುಗೆಮನೆಯಲ್ಲಿ ನಿಲ್ಲುತ್ತಾಳೆ ಅಂತ ಅಪ್ಪ ಮಗಳು ಸ್ವಲ್ಪ ಹೊತ್ತು ಕಾದರು. ಅವಳು ಕೂತೇ ಇದ್ದಳು. ಕೊನೆಗೆ ಹುಡುಗಿಯೇ ತಟ್ಟೆಗಳನ್ನು ಒಟ್ಟುಮಾಡಿ ಒಳಗೆ ಒಯ್ದಳು. ನಲ್ಲಿ ಬಿಟ್ಟ ಸದ್ದು, ಪಾತ್ರೆಗೆ ಪಾತ್ರೆ ತಾಗುವ ಸದ್ದು. ರೂಢಿಯಿಲ್ಲದ ಕೈ ಅಂತ ಸದ್ದೇ ಹೇಳುತ್ತಿತ್ತು.

ಆಮೇಲೆ ಗಾಜು ಒಡೆದ ಸದ್ದಾಯಿತು.

"ಅಮ್ಮಾ!"

ರಫಕ್ಕ ಎದ್ದು ನಿಂತುಬಿಟ್ಟಳು. ಚೀಲ ಕೆಳಗೆ ಬಿತ್ತು. ಬಾಗಿಲ ಕಡೆ ಹೆಜ್ಜೆಯೂ ಇಟ್ಟಾಗಿತ್ತು. ಆಗ ತಿಳಿಯಿತು. ನೋವಾದರೆ ಯಾರಾದರೂ ಅನ್ನುವ ಮಾತು ಅದು. ಇಸ್ತ್ರಿಯವನೂ ಕೈ ಸುಟ್ಟುಕೊಂಡಾಗ ಹಾಗೇ ಕೂಗುತ್ತಾನೆ. ಅವಳು ಬಗ್ಗಿ ಚೀಲ ಎತ್ತಿಕೊಂಡು ಮತ್ತೆ ಕೂತಳು.

ಹುಡುಗಿ ಬೆರಳು ಹಿಡಿದುಕೊಂಡು ಬಾಗಿಲಿಗೆ ಬಂದಳು. ರಕ್ತ ಮೊಣಕೈಗೆ ಇಳಿಯುತ್ತಿತ್ತು.

"ಚಿಕ್ಕಮ್ಮಾ, ಹಳೇ ಬಟ್ಟೆ ಎಲ್ಲಿದೆ?"

ಮೇಜಿನ ಎರಡನೆಯ ಡ್ರಾಯರಿನಲ್ಲಿ, ದಿಂಬಿನ ಗವಸುಗಳ ಕೆಳಗೆ, ಒಗೆದು ಹರಿದು ಮಡಿಸಿಟ್ಟದ್ದು ಇತ್ತು. ಇಟ್ಟವಳು ಅವಳೇ.

"ನಂಗೇನು ಗೊತ್ತಮ್ಮ" ಅಂದಳು ರಫಕ್ಕ. "ಮನೆಯವರನ್ನ ಕೇಳು."