ಸೀಸದ ಬಿರಡೆ

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ಉಗುರು ಎತ್ತಿನ ಕೋಡಿನಷ್ಟು ಗಟ್ಟಿ, ಅಷ್ಟೇ ಹಳದಿ. ಉಳಿದ ಒಂಬತ್ತನ್ನು ಕತ್ತರಿಸುತ್ತಿದ್ದರು, ಅದೊಂದನ್ನು ಮಾತ್ರ ಬೆಳೆಯಲು ಬಿಡುತ್ತಿದ್ದರು. ಕಂಚಗಾರರ ಕೈಗೆ ಅದೂ ಒಂದು ಹತಾರವೇ. ಲೋಹದ ಮೇಲೆ ಗೀರಿ ನೋಡಿ ಇದು ಸೀಸ, ಇದು ತಾಮ್ರ, ಇದು ಬರೀ ಮೋಸ ಎಂದು ಹೇಳಿಬಿಡುತ್ತಿದ್ದರು. ನಾನು ಹಂಸಭಾವಿಯಿಂದ ಬಂಕಾಪುರಕ್ಕೆ ಸೊಸೆಯಾಗಿ ಬಂದ ದಿನ ನಮ್ಮಪ್ಪ ಕೊಟ್ಟ ಹಿತ್ತಾಳೆ ಕೊಡದ ಮೇಲೂ ಆ ಉಗುರು ಆಡಿತು. "ನಿಮ್ಮಪ್ಪಗ ಟೋಪಿ ಹಾಕ್ಯಾರ ತಂಗಿ. ಇರ್ಲಿ, ನೀರು ತುಂಬಾಕ ಬರ್ತದ," ಎಂದರು. ಬೀಗರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆ ಮನುಷ್ಯನ ಮೇಲೆ ನನಗಿದ್ದಷ್ಟು ಪ್ರೀತಿ ಯಾರ ಮೇಲೂ ಇರಲಿಲ್ಲ, ಅಷ್ಟು ಸಿಟ್ಟೂ ಇರಲಿಲ್ಲ. ಇವತ್ತು ಬರೆಯಲು ಕೂತರೂ ಸಿಟ್ಟೇ ಮೊದಲು ಬರುತ್ತದೆ.

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ಕಡೆಯಿಂದ ಚಕ್ಕಡಿಯಲ್ಲಿ ಹಂಡೆ ಹೇರಿಕೊಂಡು ಬಂದು ನಮ್ಮ ಕಟ್ಟೆಯ ಮುಂದೆ ಇಳಿಸುತ್ತಿದ್ದರು. ಬೆಸುಗೆ ಮುಗಿದ ಹಂಡೆಗೆ ಮಾವನವರು ನೀರು ತುಂಬಿಸಿ, ಒಣ ಬೂದಿಯ ಮೇಲೆ ಮುಂಜಾನೆಯಿಂದ ಸಂಜೆಯವರೆಗೆ ಇಡುತ್ತಿದ್ದರು. ಬೂದಿ ಒದ್ದೆಯಾಯಿತೋ, ಹಂಡೆ ಮತ್ತೆ ಬೆಂಕಿಗೆ. ಗಿರಾಕಿ ಗೊಣಗಿದರೆ, "ನಾ ಸುಳ್ಳು ಹೇಳಬಹುದ್ರಿ, ನೀರು ಹೇಳೂದಿಲ್ಲ," ಎನ್ನುತ್ತಿದ್ದರು. ಅವರು ಬೆಸೆದದ್ದು ಸೋರುವುದಿಲ್ಲ ಎಂಬ ಮಾತೇ ನಮ್ಮ ಆಸ್ತಿ. ಹೊಲ ಇರಲಿಲ್ಲ, ಮನೆ ಬಾಡಿಗೆಯದು. ಆ ಮಾತೊಂದೇ ನಮ್ಮದು.

ಇದರ ನಡುವೆ ಎಂಜಿನ್ನಿನ ಹುಚ್ಚು. ಹರೆಯದಲ್ಲಿ ಹುಬ್ಬಳ್ಳಿಯಲ್ಲಿ ರೈಲು ಎಂಜಿನ್ ದುರಸ್ತಿಯ ಕೆಲಸ ಮಾಡಿ ಬಂದವರು. ಬರುವಾಗ ರದ್ದಿ ಅಂಗಡಿಯಿಂದ ಒಂದು ಇಂಗ್ಲಿಷ್ ಪುಸ್ತಕ ತಂದಿದ್ದರು. ಅದರಲ್ಲಿ ನೂರು ವರ್ಷದ ಹಿಂದೆ ವಿಲಾಯತಿಯಲ್ಲಿ ಓಡಿದ ಮೊಟ್ಟಮೊದಲಿನ ಎಂಜಿನ್ನುಗಳ ಚಿತ್ರಗಳು: ಎತ್ತರದ ಹೊಗೆಕೊಳವೆ, ಪೀಪಾಯಿಯಂಥ ಹೊಟ್ಟೆ, ಮುಂದೆರಡು ದೊಡ್ಡ ಗಾಲಿ. "ಇವು ಈಗಿನ ಎಂಜಿನ್ನಿನ ಮುತ್ತಜ್ಜಗೋಳು ತಂಗಿ," ಎನ್ನುತ್ತಿದ್ದರು. ಇಂಗ್ಲಿಷ್ ಒಂದಕ್ಷರ ಬರದು. ಚಿತ್ರದ ಮೇಲೆ ದಾರ ಇಟ್ಟು ಅಳೆದು, ಆ ದಾರಕ್ಕೆ ಹನ್ನೆರಡು ಪಟ್ಟು ಹಿಡಿದು ತಗಡು ಕತ್ತರಿಸುತ್ತಿದ್ದರು. ಮೊದಲನೆಯದು ಜಾಗ ಬಿಟ್ಟು ಕದಲಲಿಲ್ಲ. ಎರಡನೆಯದು ಹಿಂದಕ್ಕೆ ಓಡಿ ನಮ್ಮ ಅಡುಗೆಮನೆಯ ಬಾಗಿಲಿಗೆ ಗುದ್ದಿತು. ಹಿಟ್ಟಿನ ಪರಾತ ಸಮೇತ ನಾನು ಹಾರಿ ಕೂತೆ. ಮೂರನೆಯದು, ಗಂಡಾಳಿನ ಸೊಂಟದಷ್ಟು ಎತ್ತರದ್ದು, ಮರದ ಹಳಿಯ ಮೇಲೆ ಓಣಿಯ ಈ ತುದಿಯಿಂದ ಆ ತುದಿಗೆ ಓಡಿತು. ಆ ದಿನ ಅವರ ಮುಖ ನೋಡಬೇಕಿತ್ತು ನೀವು!

ಆ ಎಂಜಿನ್ನಿನ ಒಲೆಯ ನೆತ್ತಿಗೆ ಒಂದು ತೂತು ಕೊರೆದು, ಸೀಸದ ಬಿರಡೆ ಹಾಕಿದ್ದರು. ಅಷ್ಟು ಚೆಂದದ ತಾಮ್ರಕ್ಕೆ ಈ ಹೊಲಸು ತೇಪೆ ಯಾಕೆ ಎಂದು ಕೇಳಿದ್ದೆ. "ಅದು ತೇಪಿ ಅಲ್ಲ, ಕಾವಲುಗಾರ. ಮ್ಯಾಲ ನೀರು ಇರೂತನಕ ಸೀಸ ತಣ್ಣಗಿರ್ತದ. ನೀರು ಬತ್ತಿತು ಅಂದ್ರ ಕರಗಿ ತಾನು ಸಾಯ್ತದ. ಆ ತೂತಿನ್ಯಾಗಿಂದ ಉಗಿ ಇಳದು ಬೆಂಕಿ ಆರಸ್ತದ. ಮನಿಷ್ಯಾ ಉಳೀತಾನ," ಎಂದರು.

ಇನ್ನು ನಮ್ಮೂರ ಸಾಹುಕಾರನ ಮಾತು. ಮಗನ ಮದುವೆಗೆ ಎಂಜಿನ್ ಬೇಕೆಂದ. ನಾನೇ ಬೆಂಕಿ ಹಾಕುತ್ತೇನೆ, ಬೇರೆ ಯಾರೂ ಕೈ ಹಚ್ಚಬಾರದು ಎಂದು ಮಾವನವರು ಷರತ್ತು ಹಾಕಿದರು. "ಆತು ಬಿಡ್ರಿ," ಎಂದ. ಸಿಂಗಾರ ಮಾಡಿಸಬೇಕು ಎಂದು ನಾಲ್ಕು ದಿನ ಮೊದಲೇ ತನ್ನ ವಾಡೆಗೆ ಒಯ್ದ.

ಮದುವೆ ಮುಂಜಾನೆ ಮಾವನವರು ಹೋಗಿ ನೋಡಿದರೆ ಎಂಜಿನ್ ಬೆಳ್ಳಿಯ ಹಾಗೆ ಹೊಳೆಯುತ್ತಿದೆ. ಮದುವೆಯೆಂದು ಮನೆಯ ಭಾಂಡೆಗಳಿಗೆಲ್ಲ ಕಲಾಯಿ ಮಾಡಿಸುವುದು ವಾಡಿಕೆಯಲ್ಲವೇ? ಅವುಗಳ ಜತೆ ಇದಕ್ಕೂ ಒಳಗೆ ಹೊರಗೆ ಕಲಾಯಿ ಹಚ್ಚಿಸಿಬಿಟ್ಟಿದ್ದ, ಇದೂ ಒಂದು ಹಂಡೆ ಅನ್ನುವಂತೆ. ಮಾವನವರು ಒಲೆಯೊಳಗೆ ಕೈ ಹಾಕಿ ಬಿರಡೆ ಮುಟ್ಟಿ ನೋಡಿದರು, ಇತ್ತು. ಗೀರಿ ನೋಡುವಷ್ಟರಲ್ಲಿ "ಮುಹೂರ್ತ ಮೀರಾಕತ್ತೇತಿ, ಲಗೂ ಲಗೂ" ಎಂದು ಸಾಹುಕಾರ ತಲೆಯ ಮೇಲೆ ನಿಂತ. ಮೂರು ಸುತ್ತು ಓಡಿಸಿದರು. ಮಂದಿ ಕೇಕೆ ಹಾಕಿದರು. ಬೆಂಕಿ ತಗ್ಗಿಸಿ ಊಟದ ಪಂಕ್ತಿಯಲ್ಲಿ ಕೂತರು.

ಆಗ ಸಾಹುಕಾರನ ಅಳಿಯ ಇದ್ದಿಲು ಸುರಿದು ತಾನೇ ಓಡಿಸಲು ಹೋದ. ನೀರು ಬತ್ತಿತು, ಎಂಜಿನ್ ನಿಂತಿತು. ಆ ಜಾಣ ಮುಚ್ಚಳ ತೆಗೆದು ಕಾದ ಹೊಟ್ಟೆಯೊಳಗೆ ಒಂದು ಕೊಡ ತಣ್ಣೀರು ಹೊಯ್ದ. ಎಂಜಿನ್ ಸಿಡಿದ ಸಪ್ಪಳ ಊಟದ ಪಂಕ್ತಿಗೆ ಕೇಳಿತು. ಅಳಿಯನ ಎರಡೂ ಕೈ ಮೊಳಕೈವರೆಗೆ ಬೆಂದವು. ಸಾಹುಕಾರ ಬಂದು ಮಾವನವರನ್ನು ಉಣ್ಣುವ ಎಲೆಯ ಮುಂದಿನಿಂದ ಎಬ್ಬಿಸಿದ. "ಹಂಡೆ ಬಡಿಯಾಂವಗ ಎಂಜಿನ್ ಯಾಕ ಬೇಕಿತ್ತಲೇ? ನಿನ್ನ ಬೆಸಿಗಿ ಇಷ್ಟ!" ಎಂದ, ಇಡೀ ಪಂಕ್ತಿ ಕೇಳುವಂತೆ. ಕೈಯಲ್ಲಿನ ತುತ್ತು ಎಲೆಯಲ್ಲಿಟ್ಟು ಮಾವನವರು ಎದ್ದರಂತೆ. ಉಣ್ಣುವವರನ್ನು ಎಬ್ಬಿಸುವವನ ಬಾಯಿಗೆ ಮಣ್ಣು ಬೀಳಲಿ ಎಂದು ಅವತ್ತು ಅಂದೆ, ಇವತ್ತೂ ಅನ್ನುತ್ತೇನೆ.

ಚೂರುಗಳನ್ನು ಗೋಣಿಚೀಲದಲ್ಲಿ ತಂದು ಅಂಗಳದಲ್ಲಿ ಸುರಿದರು. ಬಿರಡೆ ಹುಡುಕಿ ಉಗುರಿನಿಂದ ಗೀರಿದರು. ಗೀರು ಬೀಳಲಿಲ್ಲ. ಅರದಿಂದ ಉಜ್ಜಿದರು: ಬೆಳ್ಳಗಿನ ಕಲಾಯಿಯ ಕೆಳಗೆ ಕೆಂಪು ತಾಮ್ರ.

ತಿಂಗಳೊಪ್ಪತ್ತಿನಲ್ಲಿ ಕಲಾಯಿಯವನು ತಾನಾಗಿ ಬಂದ. ಊರೂರು ತಿರುಗಿ ಕಲಾಯಿ ಮಾಡುವ ಬಡವ. ನಾನು ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿದೆ. ಕಲಾಯಿಗೆ ಕಾಸುವಾಗ ಸೀಸ ಕರಗಿ ತೂತು ಬಿತ್ತಂತೆ. ಕಂಚಗಾರರನ್ನು ಕರೆಸಿರಿ ಎಂದು ಇವನು ಹೇಳಿದನಂತೆ. "ಮದುವಿ ಮನ್ಯಾಗ ತೇಪಿ ಹಚ್ಚಿದ ಭಾಂಡೆ ಇರಬಾರದು, ತಾಮ್ರದ ಮೊಳಿ ಹೊಡದು ಮುಚ್ಚು" ಎಂದನಂತೆ ಸಾಹುಕಾರ. ಹೇಳುತ್ತ ಆತ ಅತ್ತ. ಮಾವನವರು ಮಜ್ಜಿಗೆ ತರಿಸಿ ಕುಡಿಸಿ, "ಈ ಮಾತು ಇಲ್ಲೇ ಬಿಡು. ನೀ ಬಾಯಿ ಬಿಟ್ರ ಸಾಹುಕಾರ ಎಲ್ಲಾ ನಿನ್ನ ತಲಿಮ್ಯಾಲ ಹಾಕಿ, ನಾಕೂ ತಾಲೂಕಿನ್ಯಾಗ ನಿನಗ ಒಂದು ತಾಟು ಸಿಗದಂಗ ಮಾಡ್ತಾನ," ಎಂದು ಕಳಿಸಿದರು.

ನಾನು ಹೊರಗೆ ಬಂದು ಹಾರಾಡಿದೆ. ಈಗಲೇ ಚಾವಡಿಗೆ ಹೋಗಿ ಹೇಳುತ್ತೇನೆ ಎಂದೆ. ಮಾವನವರು ತಡೆದರು: "ಆ ಕಲಾಯಿಯವನ ಹೆಸರು ನಿನ್ನ ಬಾಯಾಗ ಬರಬಾರದು ತಂಗಿ. ಅವನ ಮನ್ಯಾಗ ಆರು ಬಾಯಿ ಅದಾವ."

"ನಮ್ಮ ಮನ್ಯಾಗ ಬಾಯಿ ಇಲ್ಲೇನ್ರಿ?"

"ನಾನರ ಗೀರಿ ನೋಡಬೇಕಿತ್ತಲ್ಲ. ನೋಡಲಿಲ್ಲ. ಅದು ನನ್ನ ತಪ್ಪು."

ಇಂಥ ಮನುಷ್ಯನಿಗೆ ಏನು ಹೇಳುತ್ತೀರಿ? ಸಾಹುಕಾರನ ತಪ್ಪು ಬೆಟ್ಟದಷ್ಟು, ಇವರು ತಮ್ಮ ಉಗುರಿನಷ್ಟು ತಪ್ಪನ್ನು ಹಿಡಿದುಕೊಂಡು ಕೂತರು. ನಾನು ಎರಡು ದಿನ ಮಾತು ಬಿಟ್ಟೆ. ಅವರಿಗೆ ಗೊತ್ತೇ ಆಗಲಿಲ್ಲ.

ಚಕ್ಕಡಿಗಳು ಬರುವುದು ನಿಂತಿತು. ಮೊದಲು ಹಾನಗಲ್ಲಿನವರು, ಆಮೇಲೆ ಸವಣೂರಿನವರು. ಮಾವನವರು ಮುಟ್ಟಿದ ಹಂಡೆ ಬಚ್ಚಲಲ್ಲಿ ಸಿಡಿಯುತ್ತದಂತೆ! ಇಪ್ಪತ್ತು ವರ್ಷ ಅದೇ ಹಂಡೆಯ ಬಿಸಿನೀರು ಹೊಯ್ದುಕೊಂಡವರು ಆಡಿದ ಮಾತಿದು. ನನ್ನ ಗಂಡ ಸವಣೂರಿನಲ್ಲಿ ಇನ್ನೊಬ್ಬರ ಅಂಗಡಿಗೆ ಕೂಲಿಗೆ ಹೋದರು. ಮಾವನವರು ಮನೆಯಲ್ಲಿ ಕೂತು ಆ ಚೂರುಗಳನ್ನೇ ಬಡಿದು ಬೆಸೆದು, ಮತ್ತೆ ಸೀಸದ ಬಿರಡೆ ಹಾಕಿ, ನಾಲ್ಕನೆಯ ಎಂಜಿನ್ ಮಾಡಿದರು. ಯುದ್ಧದ ಕಾಲ, ಹೊಸ ತಾಮ್ರ ಕಣ್ಣಿಗೂ ಬೀಳುತ್ತಿರಲಿಲ್ಲ.

ಮುಗಿದ ದಿನ, ನಡುಮಧ್ಯಾಹ್ನ, ಅಂಗಳದಲ್ಲಿ ಬೆಂಕಿ ಹಾಕಿದರು. "ಇವತ್ತು ಬೇಕಂತ ನೀರು ಬತ್ತಸ್ತೇನಿ," ಎಂದರು. ಊರಿಗೆ ತೋರಿಸಬೇಕಾದ ಪುರಾವೆ ಇದೇ ಎಂದು ನನಗೆ ತಟ್ಟನೆ ತಿಳಿಯಿತು. ಓಡಿ ಹೋಗಿ ಬೀದಿ ಬಾಗಿಲು ತೆರೆದು ಓಣಿಗೆಲ್ಲ ಕೂಗಿದೆ: "ಬರ್ರಿ, ಬಂದು ನೋಡ್ರಿ! ನೀರಿಲ್ಲದ ಎಂಜಿನ್ ಒಡೀತದೋ ಇಲ್ಲೋ, ನಿಮ್ಮ ಕಣ್ಲೆ ನೋಡ್ರಿ!" ಏನಾಯಿತು ಗೊತ್ತೇ? "ಒಳಗ ಬಾರೋ, ಸಿಡೀತದ!" ಎಂದು ಮಕ್ಕಳನ್ನು ಎಳೆದುಕೊಂಡು ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡರು. ನನ್ನ ಜತೆ ನೀರಿಗೆ ಬರುವ ಪಕ್ಕದ ಮನೆಯವಳು ಕೂಡ.

ತಿರುಗಿ ಬಂದೆ. ಸೀಸ ಕರಗಿತು. ಉಗಿ ಬುಸ್ಸೆಂದು ಒಲೆಯೊಳಗೆ ಇಳಿದು ಬೆಂಕಿ ಆರಿತು. ಮತ್ತೇನೂ ಆಗಲಿಲ್ಲ.

"ನೋಡಿದ್ಯಾ ತಂಗಿ?" ಎಂದರು, ಮುಖದ ತುಂಬ ಮಸಿ.

"ನಾ ನೋಡಿ ಏನ್ ಮಾಡ್ಲಿ? ಊರು ನೋಡಬೇಕಿತ್ತು!" ಎಂದು ಅತ್ತುಬಿಟ್ಟೆ. ಅವರು ಬೂದಿ ಬಾಚಿದರು.

ಸಾಹುಕಾರನ ಮಗನ ಮದುವೆಯಾಗಿ ಏಳನೆಯ ವರ್ಷ ಮಾವನವರು ತೀರಿಕೊಂಡರು. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಬಳಿದು, ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದೆವು. ಮಂದಿ ಬಂದಿದ್ದರು. ಸತ್ತಾಗ ಬರುವುದಕ್ಕೆ ಎಲ್ಲರಿಗೂ ಕಾಲು ಇರುತ್ತವೆ. ಸಾಹುಕಾರನೂ ಹಾರ ಹಿಡಿದುಕೊಂಡು ಬಂದ. ಹಾಕಿದ ಮೇಲೆ ಎಲ್ಲರಿಗೂ ಕೇಳುವಂತೆ, "ಪಾಪ, ಛಲೋ ಮನಿಷ್ಯಾ. ಕೆಲಸ ಒಂದೀಟು ಕಚ್ಚಾ ಇತ್ತು ಅಷ್ಟ," ಎಂದ.

ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಎದ್ದೆ. ನನ್ನ ಗಂಡ "ಸುಮ್ಮನಿರ" ಎಂದರು. ಸುಮ್ಮನಿದ್ದು ಸಾಕಾಗಿತ್ತು. ಆದರೆ ಮಾವನವರು ಹಾಕಿದ ಕಟ್ಟು ಇತ್ತು, ಕಲಾಯಿಯವನ ಹೆಸರು ಹೇಳುವ ಹಾಗಿಲ್ಲ. ಇಷ್ಟೇ ಕೇಳಿದೆ: "ಸಾಹುಕಾರ್ರ, ಸೀಸ ಇದ್ದಲ್ಲಿ ತಾಮ್ರದ ಮೊಳಿ ಹೊಡೀರಿ ಅಂತ ಹೇಳಿದವ್ರು ಯಾರ್ರಿ?"

ಆತ ನನ್ನನ್ನು ನೋಡಿದ, ನೆಲ ನೋಡಿದ. ಚಪ್ಪಲಿ ಬಿಟ್ಟ ಜಾಗದಿಂದ, ಮಂದಿಯ ಹಿಂದಿನಿಂದ, ಒಂದು ದನಿ ಬಂತು. ಕಲಾಯಿಯವನು.

"ಹೊಡದಾಂವ ನಾನ್ರಿ. ಹೊಡಿ ಅಂದವ್ರು ನೀವ್ರಿ. ಅಜ್ಜಗ ಏಳು ವರ್ಷದಿಂದ ಗೊತ್ತಿತ್ತು."

ಯಾರೂ ಸಾಹುಕಾರನ ಮುಖ ನೋಡಲಿಲ್ಲ. ಎಲ್ಲರೂ ಹೊರಳಿ ಮಾವನವರನ್ನು ನೋಡಿದರು. ಹಾನಗಲ್ಲಿನವರು, ಸವಣೂರಿನವರು, ಬಾಗಿಲು ಹಾಕಿಕೊಂಡ ಪಕ್ಕದ ಮನೆಯವಳು. ಒಬ್ಬ ಮುದುಕ ಮುಂದೆ ಬಂದು ಅವರ ಕಾಲು ಹಿಡಿದ. "ಈಗ್ಯಾಕ?" ಎಂದು ನಾನು ಚೀರಿದೆ, "ಈಗ್ಯಾಕ ಹಿಡೀತೀರಿ?" ಹೆಂಗಸರು ನನ್ನನ್ನು ಹಿಡಿದು ಒಳಗೆ ಒಯ್ದರು. ನನ್ನ ಸಿಟ್ಟು ಅವರ ಮೇಲಷ್ಟೇ ಆಗಿರಲಿಲ್ಲ. ನಾನು ಸಾಹುಕಾರನಿಗೆ ಕೇಳಿದ್ದು ಯಾರ ಹೆಸರನ್ನೂ ಹೇಳದೆ ಕೇಳಬಹುದಾದ ಪ್ರಶ್ನೆ. ಮಾವನವರು ಜೀವಂತ ಇದ್ದ ಏಳು ವರ್ಷದಲ್ಲಿ ಒಂದು ದಿನವೂ ನನಗೆ ಹೊಳೆಯಲಿಲ್ಲ.