ಕೋರೆಯ ತಿರುವಿನಲ್ಲಿ ನಿಲ್ಲುತ್ತಿದ್ದ ಬೈಕು

ಬೈಕು ಕೆಟ್ಟು ನಿಲ್ಲುವುದಕ್ಕೂ ನಿಂತು ಕೆಡುವುದಕ್ಕೂ ನಡುವೆ ಇರುವ ಸೂಕ್ಷ್ಮ ವ್ಯತ್ಯಾಸವು ಅನುಭವವಿಲ್ಲದವರಿಗೆ ವ್ಯಾಕರಣದ ಚೇಷ್ಟೆಯಂತೆ ಕಂಡೀತು. ಕೆಟ್ಟು ನಿಂತ ಬೈಕಿಗೆ ಒಂದು ಮರ್ಯಾದೆಯಿದೆ. ಅದಕ್ಕೆ ಕಾರಣವಿರುತ್ತದೆ, ಕಾರಣಕ್ಕೆ ಪರಿಹಾರವಿರುತ್ತದೆ, ಪರಿಹಾರಕ್ಕೆ ಒಬ್ಬ ಮೆಕ್ಯಾನಿಕ್ ಇರುತ್ತಾನೆ. ನಿಂತು ಕೆಡುವ ಬೈಕು ಹಾಗಲ್ಲ. ಅದು ನಮ್ಮನ್ನು ನಿರ್ಜನವಾದ ಒಂದೆಡೆ ಇಳಿಸಿ, ಒಂದಷ್ಟು ಹೊತ್ತು ಒದೆಸಿಕೊಂಡು, ಆಮೇಲೆ ಏನೂ ಆಗದಿದ್ದಂತೆ ತಾನಾಗಿಯೇ ಹೊರಡುತ್ತದೆ. ಕೆಡುವುದು ನಮ್ಮ ತಲೆ.

ನನ್ನ ಮನೆ ಮೂಡುಬಿದಿರೆಯಲ್ಲಿ, ಕನ್ನಡ ಪಾಠ ಬೆಳ್ತಂಗಡಿಯ ಕಾಲೇಜೊಂದರಲ್ಲಿ. ಬಸ್ಸಿನಲ್ಲಿ ಹೋಗಬಹುದು, ಆದರೆ ಆ ದಾರಿಯ ಕಂಡಕ್ಟರುಗಳಲ್ಲಿ ಕೆಲವರು ನನ್ನ ಹಳೆಯ ವಿದ್ಯಾರ್ಥಿಗಳು. ತುಂಬಿದ ಬಸ್ಸಿನಲ್ಲಿ ‘ಸರ್, ಮುಂದೆ ಹೋಗಿ’ ಎಂದು ಅವರು ನನ್ನ ಬೆನ್ನಿಗೆ ಕೈಯಿಡುವಾಗ, ಗುರುಶಿಷ್ಯ ಸಂಬಂಧದ ಗಾಂಭೀರ್ಯಕ್ಕೆ ಭಂಗ ಬರುವುದನ್ನು ಸಹಿಸಲಾರದೆ ನಾನು ಬೈಕನ್ನು ನೆಚ್ಚಿಕೊಂಡವನು. ದಸರಾ ರಜೆಯುದ್ದಕ್ಕೂ ಅದು ನಮ್ಮ ಶೆಡ್ಡಿನಲ್ಲಿ ವಿಶ್ರಾಂತಿ ಪಡೆಯಿತು. ಕಾಲೇಜು ಪುನರಾರಂಭವಾದ ದಿನ ಬೆಳಿಗ್ಗೆ ಉತ್ಸಾಹದಿಂದಲೇ ಹೊರಟ ವಾಹನ, ವೇಣೂರು ದಾಟಿ ನಾನು ಹಿಡಿಯುವ ಒಳರಸ್ತೆಯ ಒಂದು ತಿರುವಿನಲ್ಲಿ, ಮಾತಿನ ನಡುವೆ ಉಸಿರು ಸಿಕ್ಕಿಕೊಂಡವರಂತೆ ಎರಡು ಸಲ ತಡವರಿಸಿ ನಿಂತುಬಿಟ್ಟಿತು.

ಆ ತಿರುವಿನ ಒಂದು ಬದಿಯಲ್ಲಿ ಗೇರುಗುಡ್ಡೆ. ಇನ್ನೊಂದು ಬದಿಯಲ್ಲಿ ಎಂದೋ ಕೆಲಸ ನಿಲ್ಲಿಸಿದ ಕೆಂಪುಕಲ್ಲಿನ ಕೋರೆ. ಕಲ್ಲುಗಳನ್ನು ಅಚ್ಚುಕಟ್ಟಾಗಿ ಕಡಿದು ತೆಗೆದುದರಿಂದ ಅದರ ಗೋಡೆಗಳು ಯಾವುದೋ ಅಪೂರ್ಣ ಅರಮನೆಯ ನೆಲಮಾಳಿಗೆಯ ಹಾಗೆ ನೇರವಾಗಿ ಕೆಳಗಿಳಿದಿವೆ. ತಳದಲ್ಲಿ ಹಸಿರು ನೀರು. ಸ್ವಲ್ಪ ಮೇಲೆ ಒಂದೇ ಒಂದು ಹೆಂಚಿನ ಮನೆ. ಎಷ್ಟೋ ವರ್ಷಗಳಿಂದ ಅದೇ ದಾರಿಯಲ್ಲಿ ಹೋಗುತ್ತಿದ್ದರೂ ಇದೆಲ್ಲವನ್ನೂ ನಾನು ಸರಿಯಾಗಿ ನೋಡಿದ್ದು ಅಂದೇ. ಎಂಜಿನ್ನಿನ ಸದ್ದು ಅಡಗಿದ ಕೂಡಲೇ ಸುತ್ತಲಿನ ಮೌನ ಒಮ್ಮೆಲೇ ಮೈಮೇಲೆ ಬಂದಂತಾಯಿತು. ಬೆಳಗಿನ ಬಿಸಿಲು ಸ್ವಚ್ಛವಾಗಿ ಬಿದ್ದಿತ್ತು, ಹಕ್ಕಿಯ ದನಿ ಮಾತ್ರ ಇರಲಿಲ್ಲ. ಆ ನಿಶ್ಶಬ್ದದೊಳಗಿಂದ, ಕೋರೆಯ ಕಡೆಯಿಂದ, ಕಲ್ಲಿಗೆ ಕಲ್ಲು ತಾಗಿದಂತೆ ‘ಟಕ್’ ಎಂದಿತು. ದೀರ್ಘವಾದ ಬಿಡುವಿನ ಬಳಿಕ ಮತ್ತೊಮ್ಮೆ ‘ಟಕ್’.

ಇಣುಕಿ ನೋಡಿದೆ. ಯಾರೂ ಇರಲಿಲ್ಲ. ನೀರು ಅಲುಗಿರಲೂ ಇಲ್ಲ.

ಅಷ್ಟರಲ್ಲಿ ಹೆಂಚಿನ ಮನೆಯವರು ಕೈಯಲ್ಲಿ ಚೊಂಬು ಹಿಡಿದು ಇಳಿದು ಬಂದರು. ಗಲ್ಫಿನಲ್ಲಿ ಬಹುಕಾಲ ದುಡಿದು ಊರಿಗೆ ಮರಳಿದ ಹಸನಬ್ಬ. ದಿನವೂ ಹಾದುಹೋಗುವಾಗ ಕೈಯೆತ್ತುವಷ್ಟು ಪರಿಚಯ ನಮ್ಮದು. “ಬಿಸಿ ಆಗಿರ್ಬೇಕು ಮಾಷ್ಟ್ರೇ. ಸ್ವಲ್ಪ ನಿಲ್ಲಿಸಿ, ಆಮೇಲೆ ಸ್ಟಾರ್ಟ್ ಆಗ್ತದೆ” ಎಂದು ನನಗೆ ನೀರು ಕೊಟ್ಟರು. ಅವರೆಂದಂತೆಯೇ ಆಯಿತು. ಅವರ ಮಾತಿನ ನಡುವೆ ಆ ‘ಟಕ್’ ಮರೆತೇಹೋಯಿತು.

ಮರುದಿನ ಬೈಕು ಅಲ್ಲೇ ನಿಂತಿತು. ಅದರ ಮರುದಿನವೂ ಅಲ್ಲೇ. ಸಂಜೆ ಹಿಂತಿರುಗುವಾಗ ಬೇರೊಂದು ಸ್ಥಳವನ್ನು ಆರಿಸಿಕೊಂಡಿತ್ತು, ಆ ಆಯ್ಕೆಯಲ್ಲೂ ಅದರ ನಿಷ್ಠೆ ಅಚಲವಾಗಿತ್ತು. ಆ ಸ್ಥಳವೆಂದರೆ ಒಂದು ಗಡಂಗು. ಹೆಲ್ಮೆಟ್ ಕೈಯಲ್ಲಿ ಹಿಡಿದು ಶೇಂದಿ ಅಂಗಡಿಯ ಎದುರು ನಿತ್ಯವೂ ನಿಲ್ಲುವ ಕನ್ನಡ ಅಧ್ಯಾಪಕನನ್ನು ಬಸ್ಸಿನ ಕಿಟಕಿಗಳಿಂದ ವಿದ್ಯಾರ್ಥಿಗಳು ನೋಡುತ್ತಿದ್ದರು. ನನ್ನ ಪಾಠಕ್ಕೆ ಆ ವಾರ ಹಾಜರಾತಿ ಹೆಚ್ಚಿದ್ದನ್ನು ನಾನು ಸಾಹಿತ್ಯಾಸಕ್ತಿಯೆಂದು ಭಾವಿಸುವಷ್ಟು ಮುಗ್ಧನಲ್ಲ.

ಮೆಕ್ಯಾನಿಕ್ ಪ್ಲಗ್ ಬದಲಾಯಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಎರಡು ಸುತ್ತು ಓಡಿಸಿ ‘ಎಂತ ತೊಂದರೆಯೂ ಇಲ್ಲ’ ಎಂದ. ಅವನ ಎರಡು ಸುತ್ತಿನಲ್ಲಿ ನಿಜಕ್ಕೂ ಎಂತ ತೊಂದರೆಯೂ ಇರಲಿಲ್ಲ. ನನ್ನ ಹೆಂಡತಿ ವಸಂತಿ ಮಾತ್ರ ಬೇರೆಯೇ ದಿಕ್ಕಿನಲ್ಲಿ ಯೋಚಿಸಿದಳು. “ದಿನಾ ಅದೇ ಜಾಗದಲ್ಲಿ ನಿಲ್ತದೆ ಅಂದ್ರೆ ಅದು ಗಾಡಿಯ ದೋಷ ಅಲ್ಲ ಮಾರಾಯ್ರೇ, ಜಾಗದ್ದು. ಅಲ್ಲಿ ಯಾರಾದ್ರೂ ಸತ್ತಿದ್ದಾರಾ ಅಂತ ವಿಚಾರಿಸಿ” ಎಂದಳು. ನಾನು ವೈಚಾರಿಕತೆಯ ಬಗ್ಗೆ ಒಂದು ಸಣ್ಣ ಭಾಷಣ ಮಾಡಿದೆ. ಕಲ್ಲಿನ ಸದ್ದಿನ ಬಗ್ಗೆ ಹೇಳಲಿಲ್ಲ. ಅದು ಈಗ ಪ್ರತಿ ಬೆಳಿಗ್ಗೆಯೂ ಕೇಳುತ್ತಿತ್ತು.

ಒಂದು ಭಾನುವಾರ ಬೆಳ್ತಂಗಡಿಯ ನೆಂಟರ ಮನೆಗೆಂದು ಅವಳನ್ನೂ ಹಿಂದೆ ಕೂರಿಸಿಕೊಂಡು ಹೋದೆ. ಬೈಕು ತಿರುವಿನಲ್ಲಿ ತಡವರಿಸಿ ನಿಂತಿತು. ನಾನು ಉಸಿರು ಬಿಗಿಹಿಡಿದೆ. ಟಕ್. ಬಿಡುವು. ಟಕ್.

“ಕೇಳ್ತದಾ?” ಎಂದೆ.

“ಎಂತ ಕೇಳ್ಬೇಕು?”

“ಕಲ್ಲು ಕುಟ್ಟುವ ಶಬ್ದ. ಆ ಕೋರೆಯಿಂದ.”

ಅವಳು ತಲೆ ಓರೆ ಮಾಡಿ ಬಹಳ ಹೊತ್ತು ಆಲಿಸಿದಳು. “ಎಂತದೂ ಇಲ್ಲ. ನಿಮ್ಮ ಎದೆಬಡಿತ ಇರ್ಬೇಕು” ಎಂದಳು. ನಾನು ಮಣಿಕಟ್ಟು ಒತ್ತಿ ನೋಡಿದೆ. ನನ್ನ ನಾಡಿ ಆ ಸದ್ದಿಗಿಂತ ಎಷ್ಟೋ ವೇಗವಾಗಿ ಓಡುತ್ತಿತ್ತು. ಅವಳು ಕೋರೆಯತ್ತ ನೋಡುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡತೊಡಗಿದಳು, ಆ ನೋಟ ನನಗೆ ಕೋರೆಗಿಂತ ಹೆಚ್ಚು ಭಯ ಹುಟ್ಟಿಸಿತು.

ಮರುದಿನ ಹಸನಬ್ಬರ ಜಗಲಿಯ ತನಕ ನಡೆದುಹೋಗಿ ಕೇಳಿಯೇಬಿಟ್ಟೆ. “ಆ ಕೋರೆಯಲ್ಲಿ ಯಾರಾದ್ರೂ ಕೆಲಸ ಮಾಡ್ತಾ ಇದ್ದಾರಾ? ಕಲ್ಲು ಕುಟ್ಟಿದ ಹಾಗೆ ಕೇಳ್ತದೆ.”

ಅವರ ಕೈಯಲ್ಲಿದ್ದ ಪತ್ರಿಕೆ ಮಡಿಲಿಗಿಳಿಯಿತು. “ಇಲ್ಲ, ಇಲ್ಲ. ಅದು ನಿಂತು ಎಷ್ಟೋ ಕಾಲ ಆಯ್ತು. ಅಲ್ಲಿ ಯಾರು ಕುಟ್ಟುವುದು?” ಎಂದು ನಕ್ಕರು. ಬಾಗಿಲಲ್ಲಿ ನಿಂತಿದ್ದ ಅವರ ಪತ್ನಿ ಸಾರಮ್ಮ, “ನನಗಂತೂ ಎಂತದೂ ಕೇಳುದಿಲ್ಲಪ್ಪ” ಎಂದರು. ನಾನು ಮೆಟ್ಟಿಲಿಳಿದು ತಿರುಗಿ ನೋಡಿದಾಗ ಹಸನಬ್ಬರ ಮುಖದಲ್ಲಿ ನಗುವಿರಲಿಲ್ಲ. ಅವರು ಕೋರೆಯ ಕಡೆಗೆ ನೋಡುತ್ತಿದ್ದರು.

ಬೈಕಿನ ರಹಸ್ಯ ಬಯಲಾದದ್ದು ಅದೇ ಸಂಜೆ, ಗಡಂಗಿನ ಎದುರು. ಪೆಟ್ರೋಲು ಇದೆಯೋ ಇಲ್ಲವೋ ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಒಳಗಿನಿಂದ ‘ಉಸ್ಸ್’ ಎಂದು, ಬಹಳ ಹೊತ್ತು ಮುಳುಗಿದ್ದವನು ತಲೆಯೆತ್ತಿ ಗಾಳಿ ಎಳೆದುಕೊಂಡಂತೆ ಸದ್ದಾಯಿತು. ಮುಚ್ಚಿ ಒದ್ದೆ. ಮೊದಲ ಒದೆತಕ್ಕೇ ಹೊರಟಿತು! ಮನೆಗೆ ಬಂದು ಮುಚ್ಚಳವನ್ನು ಬೆಳಕಿಗೆ ಹಿಡಿದಾಗ ಕಾರಣ ಕಂಡಿತು. ಪೆಟ್ರೋಲು ಇಳಿದಂತೆ ಟ್ಯಾಂಕಿನೊಳಗೆ ಗಾಳಿ ಹೋಗಲೆಂದು ಅದರಲ್ಲೊಂದು ಸಣ್ಣ ತೂತು ಇರುತ್ತದೆ. ರಜೆಯ ವಿಶ್ರಾಂತಿಯಲ್ಲಿ ಯಾವುದೋ ಕಣಜ ಅದಕ್ಕೆ ಮಣ್ಣು ಮೆತ್ತಿ ಭದ್ರವಾಗಿ ಮುಚ್ಚಿತ್ತು. ಗಾಳಿಯಿಲ್ಲದೆ ಪೆಟ್ರೋಲು ಇಳಿಯದು, ಪೆಟ್ರೋಲಿಲ್ಲದೆ ಎಂಜಿನ್ ಓಡದು. ಮನೆಯಿಂದ ಕೋರೆಗೂ ಕಾಲೇಜಿನಿಂದ ಗಡಂಗಿಗೂ ಸರಿಸುಮಾರು ಒಂದೇ ದೂರ. ಒಂದು ಉಸಿರಿನಲ್ಲಿ ಅದು ಓಡಬಹುದಾದಷ್ಟು ದೂರ.

ವಸಂತಿಯ ಸೀರೆಪಿನ್ನಿನಿಂದ ಮಣ್ಣು ಕೆದಕಿ ತೆಗೆದೆ. ದೆವ್ವವೂ ಇಲ್ಲ, ಜಾಗದ ದೋಷವೂ ಇಲ್ಲ ಎಂದು ವಿಜಯೋತ್ಸಾಹದಿಂದ ಘೋಷಿಸಿದೆ. ಆ ಉತ್ಸಾಹದಲ್ಲೇ ಕಲ್ಲಿನ ಸದ್ದಿಗೂ ಒಂದು ವೈಜ್ಞಾನಿಕ ಸಮಾಧಾನ ಹೊಳೆಯಿತು. ಬಿಸಿಯಾದ ಎಂಜಿನ್ ತಣಿಯುವಾಗ ಲೋಹ ಕುಗ್ಗಿ ಟಿಕ್ಕೆನ್ನುತ್ತದೆ. ಅಷ್ಟೇ ಇರಬೇಕು. ಅಷ್ಟೇ ಇರಲಿ ಎಂದು ಮನಸ್ಸಿನಲ್ಲೇ ಕೇಳಿಕೊಂಡೆನೇನೋ.

ಮರುದಿನ ಬೆಳಿಗ್ಗೆ ಬೈಕು ಕೋರೆಯ ತಿರುವನ್ನು ನಿರಾತಂಕವಾಗಿ ದಾಟಿತು. ತಡವರಿಕೆಯಿಲ್ಲ, ಕೆಮ್ಮಿಲ್ಲ. ನನಗೆ ಸಂತೋಷವಾಗಬೇಕಿತ್ತು. ಅದರ ಬದಲು, ದಿನವೂ ಮಾತಾಡಿಸುವವರನ್ನು ಕಂಡೂ ಕಾಣದಂತೆ ದಾಟಿಬಂದಾಗ ಆಗುವ ಕಸಿವಿಸಿ ಶುರುವಾಯಿತು. ಸ್ವಲ್ಪ ದೂರ ಹೋದೆ. ಪರೀಕ್ಷಿಸದೆ ಬಿಟ್ಟ ಸಿದ್ಧಾಂತ ಸಿದ್ಧಾಂತವೇ ಅಲ್ಲವೆಂದು ನನಗೆ ನಾನೇ ನೆಪ ಹೇಳಿಕೊಂಡು ಬೈಕು ತಿರುಗಿಸಿದೆ. ಆ ತಿರುವಿನಲ್ಲಿ, ಅದೇ ಮೊದಲ ಬಾರಿಗೆ, ನಾನಾಗಿಯೇ ಎಂಜಿನ್ ಆಫ್ ಮಾಡಿದೆ.

ಬಗ್ಗಿ ಎಂಜಿನ್ನಿನ ಹತ್ತಿರ ಕಿವಿಯಿಟ್ಟೆ. ಹೌದು, ಟಿಕ್ ಟಿಕ್ ಎನ್ನುತ್ತಿತ್ತು. ಅವಸರದ, ತೆಳುವಾದ, ನಿರಪಾಯಕಾರಿ ಸದ್ದು. ನಾನು ಬಹುಶಃ ನಕ್ಕೆ. ತಲೆಯೆತ್ತಿದಾಗ ಕೋರೆಯಿಂದ ಬಂತು. ಟಕ್. ಅದೇ ಬಿಡುವು. ಟಕ್. ಅದರ ಹಿಂದೆಯೇ ಇಷ್ಟು ದಿನ ಕೇಳಿರದ ಇನ್ನೊಂದು ದನಿ. ಮನುಷ್ಯನ ನರಳಿಕೆ.

ಓಡಿಹೋಗಬೇಕೆಂದೇ ನನ್ನ ಕಾಲುಗಳು ಬಯಸಿದ್ದವು. ಅವು ನನ್ನ ಮಾತು ಕೇಳಿ ಕೋರೆಯ ಅಂಚಿಗೆ ಹೇಗೆ ಹೋದವೋ ತಿಳಿಯದು. ಕಲ್ಲು ಸಾಗಿಸಲು ಕಡಿದಿದ್ದ ಮೆಟ್ಟಿಲುಗಳ ಕೆಳಗೆ, ಗೋಡೆಗೆ ಒತ್ತಿಕೊಂಡಿದ್ದ ಕಿರಿದಾದ ಕಟ್ಟೆಯ ಮೇಲೆ, ಹಸಿರು ನೀರಿಗೆ ಒಂದು ಕೈ ಇಳಿಬಿಟ್ಟು ಹಸನಬ್ಬ ಬಿದ್ದಿದ್ದರು. ಒಂದು ಕಾಲು ಮಡಚಬಾರದ ಕಡೆಗೆ ಮಡಚಿತ್ತು. ಇನ್ನೊಂದು ಕೈಯಲ್ಲಿ ಕೆಂಪುಕಲ್ಲಿನ ತುಂಡು ಇತ್ತು. ಅದನ್ನೆತ್ತಿ ಗೋಡೆಗೆ ಬಡಿಯುತ್ತಿದ್ದರು, ಮತ್ತೆ ಎತ್ತುವ ಶಕ್ತಿ ಬರುವ ತನಕ ಕಾಯುತ್ತಿದ್ದರು. ಆ ಬಿಡುವು ನನಗೆ ಬಾಯಿಪಾಠವಾಗಿತ್ತು.

ಇಳಿದೆ, ಕೂತು ಕೂತು, ಅಂಗೈ ಸುಲಿದುಕೊಂಡು. ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಮೈ ತಣ್ಣಗಿತ್ತು. “ನಿನ್ನೆ ಸಂಜೆ ಬಿದ್ದದ್ದು ಮಾಷ್ಟ್ರೇ. ಸಾರ ಮಧ್ಯಾಹ್ನವೇ ವಿಟ್ಲಕ್ಕೆ ಹೋದಳು, ಮಗಳ ಮನೆಗೆ. ಕೂಗಿ ಕೂಗಿ ದನಿ ಹೋಯ್ತು” ಎಂದು ತುಟಿಯಲ್ಲಷ್ಟೇ ಹೇಳಿದರು. “ನಿಮ್ಮ ಗಾಡಿ ಮುಂದೆ ಹೋದದ್ದು ಕೇಳಿತು. ಇನ್ನು ಆಯ್ತು ಅಂತ ಗ್ರಹಿಸಿದೆ.” ಅವರ ಕೈಯಿಂದ ಕಲ್ಲನ್ನು ತೆಗೆಯಲು ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಫೋನು ಮಾಡಿದೆ, ರಸ್ತೆಗೆ ಹತ್ತಿ ಒಂದು ಪಿಕಪ್ಪನ್ನು ಅಡ್ಡಗಟ್ಟಿದೆ. ಅದರಲ್ಲಿದ್ದವರು, ಆಂಬುಲೆನ್ಸಿನವರು, ದಾರಿಹೋಕರು ಎಲ್ಲರೂ ಸೇರಿ ಹಗ್ಗ ಕಟ್ಟಿ ಅವರನ್ನು ಮೇಲೆತ್ತಿದರು. ಮಧ್ಯಾಹ್ನದವರೆಗೂ ಹೀಗೇ ಬಿಟ್ಟಿದ್ದರೆ ಕಷ್ಟವಿತ್ತೆಂದು ಬೆಳ್ತಂಗಡಿಯ ವೈದ್ಯರು ಹೇಳಿದರು. ವಿಟ್ಲದಿಂದ ಓಡಿಬಂದ ಸಾರಮ್ಮ ನನ್ನ ಸುಲಿದ ಅಂಗೈಗಳನ್ನು ಕಂಡು, ದಾದಿಯನ್ನು ಕರೆದು ಮದ್ದು ಹಚ್ಚಿಸಿದರು.

ಹಸನಬ್ಬ ಮನೆಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ನೋಡಲು ಹೋದೆ. ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು ಜಗಲಿಯಲ್ಲಿ ಕೂತಿದ್ದರು. ಸಾರಮ್ಮ ಚಹಾ ಮಾಡಲು ಒಳಗೆ ಹೋದದ್ದನ್ನು ನೋಡಿಕೊಂಡು ಕೇಳಿದೆ, “ಅಲ್ಲಿಗೆ ಯಾಕೆ ಇಳಿದಿರಿ?”

ಅವರು ಒಳಗಡೆಗೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. “ಅವತ್ತು ನಿಮಗೆ ಸುಳ್ಳು ಹೇಳಿದೆ ಮಾಷ್ಟ್ರೇ. ನನಗೂ ಕೇಳ್ತಿತ್ತು. ವಯಸ್ಸಾಯ್ತು, ಕಿವಿದು ಎಂತದೋ ತೊಂದರೆ ಅಂತ ಸುಮ್ಮನಿದ್ದೆ. ನೀವು ಬಂದು ಕೇಳಿದಿರಲ್ಲ, ಆಮೇಲೆ ಕೂತುಕೊಳ್ಳಲಿಕ್ಕೆ ಆಗ್ಲಿಲ್ಲ. ಇಬ್ಬರಿಗೆ ಕೇಳ್ತದೆ ಅಂದ್ರೆ ಅಲ್ಲಿ ಯಾರೋ ಉಂಟು ಅಂತ ಅಲ್ವಾ? ಯಾರೋ ಕಷ್ಟದಲ್ಲಿದ್ದಾರೆ ಅಂತ ಇಳಿದೆ.”

“ಯಾರಿದ್ರು?”

“ಯಾರೂ ಇಲ್ಲ. ಇಳಿಯುವವರೆಗೆ ಕುಟ್ತಾ ಇತ್ತು. ನಾನು ಜಾರಿ ಬಿದ್ದ ಕೂಡ್ಲೆ ನಿಂತಿತು.”

ಬೈಕಿನ ವಿಷಯದಲ್ಲಿ ನನಗೆ ಪೂರ್ಣ ವಿವರಣೆ ಸಿಕ್ಕಿತ್ತು. ಒಂದು ಹಿಡಿಗೂ ಸಾಲದ ಮಣ್ಣಿನಿಂದ ಆರಂಭವಾಗಿ ಎಲ್ಲಿಯೂ ಕೊಂಡಿ ತಪ್ಪದ ವಿವರಣೆ. ಆದರೆ ಅದು ಬೈಕು ಏಕೆ ನಿಂತಿತೆಂಬುದಕ್ಕೆ ಉತ್ತರ. ನಾನೇಕೆ ನಿಂತೆನೆಂಬುದಕ್ಕಲ್ಲ. ಅವರನ್ನು ಕೆಳಗೆಳೆದದ್ದೂ ನನ್ನನ್ನು ಹಿಂದಕ್ಕೆ ಕರೆದದ್ದೂ ಒಂದೇ ಸದ್ದಾದರೆ, ಅದು ನಮಗೆ ಬಗೆದದ್ದು ಒಳಿತೋ ಕೆಡುಕೋ? ನಮ್ಮ ವಾಹನಗಳ ಸದ್ದಿನಡಿಯಲ್ಲಿ ಇಂಥವು ಇನ್ನೆಷ್ಟಿವೆಯೋ, ಕೇಳಿಸದಿರುವುದೇ ಒಂದು ಬಗೆಯ ಕ್ಷೇಮವಿರಬಹುದು ಎಂದುಕೊಂಡೆ. ಆದರೆ ಕೇಳಿಸದೆ ಹೋಗಿದ್ದರೆ ಈ ಮನುಷ್ಯ ನನ್ನೆದುರು ಕೂತಿರುತ್ತಿರಲಿಲ್ಲ.

“ಈಗ ಕೇಳ್ತದಾ?” ಎಂದೆ.

“ಆಸ್ಪತ್ರೆಯಿಂದ ಬಂದ ಮೇಲೆ ಇಲ್ಲ. ನಿಮಗೆ?”

ಆಲಿಸಿದೆ. ಗೇರುಗುಡ್ಡೆಯಲ್ಲಿ ಗಾಳಿ, ದೂರದಲ್ಲೊಂದು ಬಸ್ಸಿನ ಹಾರನ್. ಬೇರೇನೂ ಇಲ್ಲ. “ಇಲ್ಲ” ಎಂದೆ. ಹೊರೆ ಇಳಿಸಿದವರಂತೆ ಇಬ್ಬರೂ ನಕ್ಕೆವು.

ಸಾರಮ್ಮ ಚಹಾದ ಲೋಟಗಳನ್ನು ತಂದು ನಮ್ಮ ಕೈಗಿತ್ತರು. ಒಳಗೆ ಹೋಗಲು ತಿರುಗಿದವರು ಹೊಸ್ತಿಲಲ್ಲಿ ನಿಂತು, ತಲೆ ಓರೆ ಮಾಡಿ, ಹುಬ್ಬು ಗಂಟಿಕ್ಕಿದರು.

“ಅಲ್ಲ, ಆ ಕೋರೆಯಲ್ಲಿ ಪುನಃ ಕೆಲಸ ಸುರು ಮಾಡಿದ್ರಾ? ಬೆಳಿಗ್ಗೆಯಿಂದ ಯಾರೋ ಕಲ್ಲು ಕುಟ್ತಾ ಇದ್ದಾರೆ.”

ಹಸನಬ್ಬರ ನಗು ಮುಖದಲ್ಲೇ ನಿಂತಿತು. ಲೋಟವನ್ನು ಕೆಳಗಿಟ್ಟು, ಕೈ ಚಾಚಿ, ಹೆಂಡತಿಯ ಮಣಿಕಟ್ಟನ್ನು ಹಿಡಿದುಕೊಂಡರು.

“ಸ್ವಲ್ಪ ಹೊತ್ತು ಇಲ್ಲೇ ಕೂತ್ಕೋ ಸಾರ” ಎಂದರು.

ಸಾರಮ್ಮ ಏನೊಂದೂ ಅರ್ಥವಾಗದೆ ನಮ್ಮಿಬ್ಬರ ನಡುವೆ ಕೂತರು. ಚಹಾ ಆರಿತು. ನಾನೂ ಹೊರಡಲಿಲ್ಲ.